ಹುಳು ತಿಂದ ಜಾಗ: ಯುವ ಬರಹಗಾರರೊಬ್ಬರಿಗೆ ಪತ್ರ

ಪ್ರೀತಿಯ ಮಿತ್ರರೇ,

ನಿಮ್ಮ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಫ್ರೀಡ್ರಿಶ್ ಕ್ರಿಸಾಂಡರ್ ಎಂಬ ಜರ್ಮನ್ ಸಂಗೀತ ವಿದ್ವಾಂಸನ ಬದುಕನ್ನು ಕನ್ನಡದಲ್ಲಿ ಯಾರು ಓದುತ್ತಾರೆ, ಇದನ್ನು ಇಲ್ಲಿಗೇ ಕೈಬಿಡಲೇ ಎಂದು ಜೊತೆಯ ಕಾಗದದಲ್ಲಿ ಕೇಳಿದ್ದೀರಿ. ಆ ಸಾಲು ಓದಿ ಸಂಕಟವಾಯಿತು. ಖಂಡಿತ ಕೈಬಿಡಬೇಡಿ. ಅಧ್ಯಾಯಗಳ ಉದ್ದ, ಪ್ರಕಾಶಕರ ಹುಡುಕಾಟ, ಜರ್ಮನ್ ಹೆಸರುಗಳ ಕಾಗುಣಿತ ಇವೆಲ್ಲ ಮುಂದೆ ಹೇಗೋ ಸರಿಹೋಗುತ್ತವೆ, ಅವನ್ನು ಕುರಿತು ನಾನೇನೂ ಬರೆಯುವುದಿಲ್ಲ. ನನಗೆ ಹೇಳಬೇಕೆನಿಸಿರುವುದು ಒಂದೇ ವಿಷಯ, ಅದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ.

ಮೊದಲು ಮೆಚ್ಚಿದ್ದನ್ನು ಹೇಳಿಬಿಡುತ್ತೇನೆ. ಹದಿನೆಂಟನೆಯ ಶತಮಾನದ ಸಂಗೀತ ರಚನಕಾರ ಹ್ಯಾಂಡೆಲ್‌ನ ಸಮಗ್ರ ಕೃತಿಗಳನ್ನು ಅಚ್ಚು ಹಾಕಿಸಬೇಕೆಂದು 1856ರಲ್ಲಿ ಇತಿಹಾಸಕಾರ ಗೆರ್ವಿನುಸ್ ಮೊದಲಾದವರೊಂದಿಗೆ ಕಟ್ಟಿದ ಸಂಘವು ಕ್ರಮೇಣ ಕರಗಿ, ಇಡೀ ಹೊರೆ ಕ್ರಿಸಾಂಡರನೊಬ್ಬನ ಹೆಗಲಿಗೆ ಬಿದ್ದದ್ದು. ಜರ್ಮನ್ ನಾಡಿನ ಹ್ಯಾನೋವರ್ ದೊರೆಯ ಧನಸಹಾಯವು 1866ರಲ್ಲಿ ಆ ರಾಜ್ಯವೇ ನೆರೆಯ ಪ್ರಶ್ಯ ರಾಜ್ಯದ ಪಾಲಾದಾಗ ನಿಂತುಹೋದದ್ದು. ಹ್ಯಾಂಬರ್ಗಿನ ಬಳಿಯ ಬೆರ್ಗೆಡೋರ್ಫ್‌ನಲ್ಲಿ ಆತ ಮನೆಯಲ್ಲೇ ಮುದ್ರಣಾಲಯ ಹೂಡಿ, ತೋಟದಲ್ಲಿ ಹಣ್ಣು ತರಕಾರಿ ಬೆಳೆದು ಮಾರಿ ಖರ್ಚು ತೂಗಿಸಿದ್ದು, ಇವನ್ನೆಲ್ಲ ನೀವು ಆಡಂಬರವಿಲ್ಲದೆ ಬರೆದಿದ್ದೀರಿ. ಸ್ವರಗಳನ್ನು ಲೋಹದ ತಗಡಿನ ಮೇಲೆ ತಿರುಗುಮುರುಗಾಗಿ ಕೊರೆಯುವ ಕೆಲಸವನ್ನು ವರ್ಣಿಸಿದ ಪುಟವನ್ನಂತೂ ನಾನು ಮನೆಯವರಿಗೆ ಓದಿ ಹೇಳಿದೆ. ಒಂದು ಸ್ವರ ತಪ್ಪಿದರೆ ತಗಡಿನ ಹಿಂಬದಿಯಿಂದ ಬಡಿದು, ಮಟ್ಟ ಮಾಡಿ, ಅದೇ ಜಾಗದಲ್ಲಿ ಮತ್ತೆ ಕೊರೆಯಬೇಕೆಂಬುದನ್ನು ಓದುವಾಗ ನನಗೆ ಆ ಸುತ್ತಿಗೆಯ ಸದ್ದು ಕೇಳಿಸಿತು.

ಆದರೆ ದೊರೆಯ ಸೇವಕನು ಹಣದ ಚೀಲ ಹಿಡಿದು ಬಾಗಿಲು ತಟ್ಟುವ ದೃಶ್ಯ ನಿಮಗೆ ಎಲ್ಲಿ ಸಿಕ್ಕಿತು? ಸಂಗೀತ ರಚನಕಾರ ಬ್ರಾಹ್ಮ್ಸ್ ಆ ತೋಟದ ಬೇಲಿಯ ಬಳಿ ನಿಂತು ಕಣ್ಣೊರೆಸಿಕೊಂಡದ್ದನ್ನು ಯಾರು ಕಂಡಿದ್ದರು? ಹ್ಯಾಂಡೆಲ್‌ನ ಇಟಾಲಿಯನ್ ಯುಗಳಗೀತೆಗಳಿಗೆ ಬ್ರಾಹ್ಮ್ಸ್ ಕೀಬೋರ್ಡಿನ ಪಕ್ಕವಾದ್ಯದ ಭಾಗವನ್ನು ಬರೆದುಕೊಟ್ಟನೆಂಬ ನಿಜ ಸಂಗತಿ ನಿಮ್ಮ ಕೈಯಲ್ಲೇ ಇದ್ದಾಗ ಆ ಕಣ್ಣೀರು ಏಕೆ ಬೇಕಾಯಿತು? ನಿಮ್ಮ ಮೇಲೆ ನನಗೆ ಸಿಟ್ಟು ಬಂದದ್ದು ಇಲ್ಲಿ. ಗೊತ್ತಿಲ್ಲದ ಕಡೆ ನೀವು ತುಂಬಿದ್ದೀರಿ, ತುಂಬಿದ್ದನ್ನು ಹೇಳಿಲ್ಲ.

ಈ ತಪ್ಪನ್ನು ನಾನೇ ಮಾಡಿದ್ದೇನೆ, ಆದ್ದರಿಂದ ಗುರುತು ಹಿಡಿಯಬಲ್ಲೆ. ಮೂವತ್ತು ದಾಟಿದ ವಯಸ್ಸಿನಲ್ಲಿ, ತೀರಿಕೊಂಡ ಗೆಳೆಯನೊಬ್ಬನ ಕವಿತೆಗಳನ್ನು ಅಚ್ಚಿಗೆ ಸಿದ್ಧಪಡಿಸಿದೆ. ಒಂದು ಕವಿತೆಯ ಕೊನೆಯ ಸಾಲಿನಲ್ಲಿ ಕಡಲೆಕಾಳಿನಷ್ಟು ಜಾಗವನ್ನು ಹುಳು ತಿಂದಿತ್ತು, ಒಂದು ಪದ ಪೂರ್ತಿ ಹೋಗಿತ್ತು. ಛಂದಸ್ಸಿಗೆ ಹೊಂದುವ ಪದವೊಂದನ್ನು ನಾನು ಕೂರಿಸಿದೆ, ಅಡಿಟಿಪ್ಪಣಿ ಹಾಕಲಿಲ್ಲ. ಪುಸ್ತಕ ಬಂದ ಮೇಲೆ ಎಲ್ಲರೂ ಮೆಚ್ಚಿದ್ದು ಆ ಸಾಲನ್ನೇ. ಅವನ ಹೆಂಡತಿ ಅದನ್ನು ನನ್ನೆದುರಿಗೆ ಬಾಯಿಪಾಠ ಹೇಳಿ, ‘ಇದು ಅವರದೇ ಮಾತು, ಮನೆಯಲ್ಲಿ ಹೀಗೇ ಆಡುತ್ತಿದ್ದರು’ ಎಂದರು. ನಾನು ಸುಮ್ಮನಿದ್ದೆ. ಮೂಲದ ನೋಟುಪುಸ್ತಕ ಒಂದು ಮಳೆಗಾಲದಲ್ಲಿ ಅಟ್ಟದ ಮೇಲೆ ನೆನೆದು ಮುದ್ದೆಯಾಯಿತು. ಈಗ ನಾನು ನಿಜ ಹೇಳಿದರೂ ಅವನ ಪದ ಮರಳಿ ಬರುವುದಿಲ್ಲ. ಅಲ್ಲೊಂದು ಚೌಕಕಂಸ ಹಾಕಿದ್ದರೆ ಸಾಕಿತ್ತು.

ಕ್ರಿಸಾಂಡರನ ಬದುಕಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿಯನ್ನು ನೀವು ಮೂರೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಹ್ಯಾಂಡೆಲ್ ಬೇರೆಯವರ ಸಂಗೀತವನ್ನು ಧಾರಾಳವಾಗಿ ಎರವಲು ತಂದವನು. ಸ್ಟ್ರಾಡೆಲ್ಲಾನ ಸೆರೆನಾಟಾ ಎಂಬ ಗಾಯನಕೃತಿ, ಎರ್ಬಾನ ಮ್ಯಾಗ್ನಿಫಿಕಾಟ್ ಎಂಬ ಸ್ತುತಿಗೀತೆ ಹ್ಯಾಂಡೆಲ್‌ನ ‘ಇಸ್ರೇಲ್ ಇನ್ ಈಜಿಪ್ಟ್’ನೊಳಗೆ ಹರಿದು ಬಂದಿವೆ, ಕ್ಲಾರಿಯ ಯುಗಳಗೀತೆಗಳು ಅವನದೇ ‘ಥಿಯೋಡೋರಾ’ದಲ್ಲಿವೆ. ಹ್ಯಾಂಡೆಲ್‌ಗಾಗಿ ಜೀವ ತೇದ ಸಂಪಾದಕನು ಇದನ್ನು ಮುಚ್ಚಿಡಬಹುದಿತ್ತು, ಮುನ್ನುಡಿಯ ಮೂಲೆಯಲ್ಲಿ ಒಂದು ಮಾತು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆತ ಹಾಗೆ ಮಾಡದೆ, ಎರ್ಬಾ, ಉರಿಯೋ, ಸ್ಟ್ರಾಡೆಲ್ಲಾ, ಕ್ಲಾರಿ, ಮುಫಾಟ್, ಕೈಸರ್ ಈ ಆರು ಮಂದಿಯ ಕೃತಿಗಳನ್ನು ಹ್ಯಾಂಡೆಲ್ ಸಂಪುಟಗಳ ಜೊತೆಗೇ ಆರು ಅನುಬಂಧಗಳಾಗಿ ಅಚ್ಚು ಹಾಕಿಸಿದ. ತನ್ನ ದೇವರ ಸಾಲದ ಪತ್ರಗಳನ್ನು ತನ್ನ ತೋಟದ ದುಡ್ಡಿನಲ್ಲಿ ತಾನೇ ಪ್ರಕಟಿಸಿದ ಭಕ್ತನನ್ನು ನಾನು ಬೇರೆಲ್ಲೂ ಕಂಡಿಲ್ಲ. ಇದಕ್ಕೆ ಒಂದು ಅಧ್ಯಾಯ ಬೇಕು, ಮಿತ್ರರೇ, ಇಡೀ ಅಧ್ಯಾಯ.

ಅದೇ ಅಧ್ಯಾಯದಲ್ಲಿ ಆತನ ಕೊರತೆಯೂ ಬರಲಿ, ನೀವು ಅದನ್ನು ಪ್ರೀತಿಯಿಂದ ಬಚ್ಚಿಟ್ಟಿದ್ದೀರಿ. ಹ್ಯಾಂಡೆಲ್ ಸ್ವಂತ ಕೈಯಲ್ಲಿ ಬರೆದ ಪ್ರತಿಗಳನ್ನು ಲಂಡನ್ನಿನಲ್ಲಿ ನೋಡಿ ಬಂದವನು, ಹ್ಯಾಂಡೆಲ್ ಸಂಗೀತ ಕಛೇರಿಗಳಲ್ಲಿ ಬಳಸಿದ ಪ್ರತಿಗಳು ಹ್ಯಾಂಬರ್ಗಿಗೆ ಸೇರಿದಾಗ ಅವುಗಳ ಬೆಲೆ ಅರಿತವನು ಕ್ರಿಸಾಂಡರ್. ಆದರೂ ತನ್ನ ಸಂಪುಟಗಳಿಗೆ ಪಾಠಾಂತರಗಳ ವಿವರವಾದ ವರದಿಯನ್ನು ಆತ ಸೇರಿಸಲಿಲ್ಲ. ಯಾವ ಸ್ವರ ಯಾವ ಪ್ರತಿಯಿಂದ ಬಂತು, ಎಲ್ಲಿ ತಾನು ಆರಿಸಿದೆ ಎಂಬುದು ಓದುಗನಿಗೆ ಎಷ್ಟೋ ಕಡೆ ತಿಳಿಯುವುದಿಲ್ಲ. 1955ರಿಂದ ಹೊರಬರತೊಡಗಿದ, ಹ್ಯಾಂಡೆಲ್ ಹುಟ್ಟಿದ ಊರಾದ ಹಾಲೆಯ ಹೊಸ ಆವೃತ್ತಿಯವರು ಆ ದಾರಿಯನ್ನು ಮೊದಲಿನಿಂದ ನಡೆಯಬೇಕಾಯಿತು. ಸಾಲ ಕೊಟ್ಟವರನ್ನು ಹೆಸರು ಹಿಡಿದು ಕರೆದವನು ತನ್ನ ಕೈಯ ಗುರುತನ್ನು ಮಾತ್ರ ಒರೆಸಿದ. ಇದನ್ನು ಬರೆದರೆ ಆತ ಚಿಕ್ಕವನಾಗುತ್ತಾನೆಂಬ ನಿಮ್ಮ ಭಯ ನನಗೆ ಅರ್ಥವಾಗುತ್ತದೆ, ಆದರೆ ಒಪ್ಪಿಗೆಯಾಗುವುದಿಲ್ಲ.

ಕೊನೆಯ ಪುಟದ ಬಗ್ಗೆ ಒಂದು ಮಾತು. ನಿಮ್ಮ ಕ್ರಿಸಾಂಡರ್ ಹ್ಯಾಂಡೆಲ್‌ನ ಪ್ರಸಿದ್ಧ ಕೃತಿ ‘ಮೆಸ್ಸಾಯ’ದ ಕರಡಚ್ಚಿನ ಕೊನೆಯ ಹಾಳೆಯನ್ನು ತಿದ್ದಿ ಮುಗಿಸಿ ಕಣ್ಣು ಮುಚ್ಚುತ್ತಾನೆ. ಆದರೆ 1901ರ ಸೆಪ್ಟೆಂಬರಿನಲ್ಲಿ ಆತ ತೀರಿಕೊಂಡಾಗ ಆ ಸಂಪುಟ ಹೊರಬಂದಿರಲಿಲ್ಲ. ಸಂಗೀತ ವಿದ್ವಾಂಸ ಮಾಕ್ಸ್ ಸೈಫರ್ಟ್ ಅದನ್ನು ಪೂರೈಸಿ, 1902ರಲ್ಲಿ ಅದು ಪ್ರಕಟವಾಯಿತು. ಕ್ರಿಸಾಂಡರ್ ಬರೆಯುತ್ತಿದ್ದ ಹ್ಯಾಂಡೆಲ್ ಜೀವನಚರಿತ್ರೆ 1740ರ ಹೊತ್ತಿಗೆ ಬಂದು ನಿಂತದ್ದು ನಿಂತೇ ಉಳಿಯಿತು. ಸಂಪುಟಗಳ ಸಾಲಿನಲ್ಲಿ 48 ಇದೆ, 50 ಇದೆ, 49 ಬರಲೇ ಇಲ್ಲ. ಆ ಪುಟವನ್ನು ಹೀಗೆಯೇ, ಇದ್ದದ್ದು ಇದ್ದ ಹಾಗೆ ಬರೆದು, ಅನುಬಂಧಗಳ ಅಧ್ಯಾಯದೊಂದಿಗೆ ಕಳುಹಿಸಿ. ದಸರಾ ಹೊತ್ತಿಗೆ ಬಂದರೆ ಒಟ್ಟಿಗೆ ಕೂತು ಓದೋಣ, ಮನೆಗೇ ಬನ್ನಿ.

ನಿಮ್ಮ ಹಿತೈಷಿ