ಸೀನ, ಬ್ರೈಟನ್ನಿಗೆ ಬರುವಾಗ ಬೂಟು ತಾ

ಸೀನ,

ಟಿಕೆಟ್ ಆಯಿತೆಂದು ನೀನು ಬರೆದದ್ದು ನೋಡಿದೆ. ಜೂನ್ ತಿಂಗಳು, ಹದಿನೈದು ದಿನ, ಜೊತೆಗೆ ವಿಜಯ ಮತ್ತು ನಿಮ್ಮಮ್ಮ. “ಸಮುದ್ರ ಇರುವ ಊರೊಂದನ್ನು ಹೇಳು, ಏನೇನು ನೋಡಬೇಕು ಎಲ್ಲ ನೀನೇ ಬರೆ, ನಾನು ಹುಡುಕುವವನಲ್ಲ” ಎಂದು ಅಪ್ಪಣೆ ಬೇರೆ. ಬರೆಯುತ್ತಿದ್ದೇನೆ. ಎಲ್ಲರಿಗೂ ಕಾಣುವ ಹಾಗೆ ಇಲ್ಲೇ ಬರೆಯುತ್ತಿದ್ದೇನೆ, ಏಕೆಂದರೆ ನಿನಗೊಬ್ಬನಿಗೇ ಕಳಿಸಿದ್ದನ್ನು ನೀನು ಓದುವುದಿಲ್ಲ ಎಂಬುದು ಹಿಂದೆಯೇ ಸಾಬೀತಾಗಿದೆ. ನಮ್ಮ ಬ್ಯಾಚಿನವರೆಲ್ಲ ನೋಡುತ್ತಿದ್ದರೆ ನೀನು ಓದಲೇಬೇಕಾಗುತ್ತದೆ.

ಊರು ಬ್ರೈಟನ್. ಲಂಡನ್ನಿನ ವಿಕ್ಟೋರಿಯಾ ನಿಲ್ದಾಣದಿಂದ ರೈಲಿನಲ್ಲಿ ಒಂದು ಗಂಟೆ, ನಮ್ಮ ಕ್ರಾಯ್ಡನ್ನಿನಿಂದ ಇನ್ನೂ ಕಡಿಮೆ. ನಿಲ್ದಾಣದಿಂದ ಹೊರಬಿದ್ದು ರಸ್ತೆ ಇಳಿಜಾರಾದ ಕಡೆಗೆ ನಡೆಯುತ್ತಿದ್ದರೆ ಸಮುದ್ರ ತಾನೇ ಸಿಗುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ಅಲ್ಲಿ ಮರಳಿಲ್ಲ. ಮಲ್ಪೆಯನ್ನೋ ಗೋಕರ್ಣವನ್ನೋ ನೆನೆದುಕೊಂಡು ಚಪ್ಪಲಿ ಕೈಯಲ್ಲಿ ಹಿಡಿದು ಇಳಿದರೆ ನಾಲ್ಕನೇ ಹೆಜ್ಜೆಗೆ ಕುಲದೇವರ ನೆನಪಾಗುತ್ತದೆ. ದಡದ ಉದ್ದಕ್ಕೂ ಉರುಟುಗಲ್ಲು. ಕೆಲವು ಗೋಲಿಯಷ್ಟು, ಕೆಲವು ಕೋಳಿಮೊಟ್ಟೆಯಷ್ಟು. ಆದರೆ ಅಲೆ ಹಿಂದಕ್ಕೆ ಸರಿಯುವಾಗ ಆ ಕಲ್ಲುಗಳು ಒಂದರ ಮೇಲೊಂದು ಉರುಳುವ ಸದ್ದಿದೆಯಲ್ಲ, ಮೂಟೆಯಿಂದ ಕಡಲೆಕಾಯಿ ಸುರಿದ ಹಾಗೆ, ಅದನ್ನು ಕೇಳುತ್ತ ನಾನು ಎರಡೆರಡು ಗಂಟೆ ಕೂತದ್ದುಂಟು. ಹಾಗಾಗಿ ಬೂಟು ತಾ. ನಿಮ್ಮಮ್ಮನಿಗೆ ಬಾಡಿಗೆ ಕುರ್ಚಿ ಕೊಡಿಸೋಣ. ಜೂನಿನಲ್ಲಿ ರಾತ್ರಿ ಒಂಬತ್ತು ದಾಟಿದರೂ ಸೂರ್ಯ ಮುಳುಗುವುದಿಲ್ಲ. ಸಂಧ್ಯಾವಂದನೆಯ ಲೆಕ್ಕ ನೀವೇ ನೋಡಿಕೊಳ್ಳಿ.

ಅಲ್ಲಿನ ಅರಮನೆಯ ಹೆಸರು ರಾಯಲ್ ಪೆವಿಲಿಯನ್. ಗುಮ್ಮಟ, ಮಿನಾರು, ಕಲ್ಲಿನ ಜಾಲಂಧ್ರ ಎಲ್ಲ ನೋಡಿ ನಿಮ್ಮಮ್ಮ “ಇಷ್ಟು ದೂರ ಬಂದದ್ದು ಮತ್ತೆ ಅರಮನೆ ನೋಡುವುದಕ್ಕೇನೋ” ಎನ್ನದಿದ್ದರೆ ಕೇಳು. ನಮ್ಮ ಮೈಸೂರಿನ ಈಗಿನ ಅರಮನೆ ಮುಗಿದದ್ದು 1912ರಲ್ಲಿ. ಇದಕ್ಕೆ ಜಾನ್ ನ್ಯಾಶ್ ಈ ರೂಪ ಕೊಟ್ಟದ್ದು 1815ರಿಂದ 1822ರವರೆಗೆ, ಅಂದರೆ ನಮ್ಮದಕ್ಕೆ ಇದು ತೊಂಬತ್ತು ವರ್ಷ ಹಿರಿಯಣ್ಣ. ಆ ಪುಣ್ಯಾತ್ಮ ಹಿಂದೂಸ್ತಾನಕ್ಕೆ ಕಾಲಿಟ್ಟವನೇ ಅಲ್ಲ. ಒಳಗೆ ಹೋದರೆ ಹಿಂದೂಸ್ತಾನ ಮಾಯವಾಗಿ ಚೀನಾ ಬರುತ್ತದೆ. ಔತಣದ ಕೋಣೆಯಲ್ಲಿ ಡ್ರ್ಯಾಗನ್ ಒಂದು ಟನ್ ತೂಕದ ತೂಗುದೀಪವನ್ನು ಹಿಡಿದುಕೊಂಡಿದೆ. ವಿಕ್ಟೋರಿಯಾ ರಾಣಿಗೆ ಇದೆಲ್ಲ ಹಿಡಿಸಲಿಲ್ಲ. 1850ರಲ್ಲಿ ಅರಮನೆಯನ್ನು ಊರಿಗೇ ಮಾರಿ ಕೈತೊಳೆದುಕೊಂಡಳು.

ಮೊದಲ ಮಹಾಯುದ್ಧದಲ್ಲಿ ಇದೇ ಅರಮನೆ ಭಾರತೀಯ ಸಿಪಾಯಿಗಳ ಆಸ್ಪತ್ರೆಯಾಯಿತು, 1914ರ ಡಿಸೆಂಬರಿನಿಂದ 1916ರ ಮೊದಲ ತಿಂಗಳುಗಳವರೆಗೆ. ಫ್ರಾನ್ಸಿನ ಕಂದಕಗಳಲ್ಲಿ ಗಾಯಗೊಂಡವರನ್ನು ಇಲ್ಲಿಗೆ ತಂದರು. ಸಂಗೀತದ ಕೋಣೆಯ ಚಿನ್ನದ ಬಣ್ಣದ ಚಾವಣಿಯ ಕೆಳಗೆ ಸಾಲಾಗಿ ಮಂಚಗಳಿರುವ ಫೋಟೊ ಇದೆ, ತಪ್ಪದೆ ನೋಡು. ಮತ ಜಾತಿ ನೋಡಿಕೊಂಡು ಒಂಬತ್ತು ಅಡುಗೆಮನೆ ನಡೆಸಿದರಂತೆ, ನೀರಿನ ನಲ್ಲಿಯೂ ಹಿಂದೂಗಳಿಗೊಂದು ಮುಸ್ಲಿಮರಿಗೊಂದು. ಒಂಬತ್ತು! ನಮ್ಮ ಹಾಸ್ಟೆಲ್ಲಿನಲ್ಲಿ ಒಂದನ್ನು ನಡೆಸುವುದಕ್ಕೇ ಏನೇನು ಆಯಿತೆಂದು ನಿನಗೆ ಗೊತ್ತಲ್ಲ, ಖಜಾಂಚಿಗಳೇ.

ಮಲಗಿದಲ್ಲಿಂದ ಅವರು ಊರಿಗೆ ಕಾಗದ ಬರೆಸುತ್ತಿದ್ದರು. ಅವು ಮನೆ ಸೇರುವ ಮೊದಲು ಸೆನ್ಸಾರ್ ಅಧಿಕಾರಿಗಳು ಓದುತ್ತಿದ್ದರು, ಮತ್ತು ಓದುತ್ತಾರೆಂಬುದು ಬರೆಯುವವನಿಗೂ ಗೊತ್ತಿತ್ತು. ಆದ್ದರಿಂದ ಒಬ್ಬ ಮೆಣಸಿನ ಲೆಕ್ಕ ಬರೆದ: ಭಾರತದಿಂದ ಬಂದ ಕರಿಮೆಣಸು ಮುಗಿದುಹೋಗಿದೆ, ಈಗ ಕೆಂಪು ಮೆಣಸು ಹಾಕುತ್ತಿದ್ದಾರೆ ಎಂಬ ಅರ್ಥದ ಮಾತು. ಕರಿದು ನಮ್ಮವರು, ಕೆಂಪು ಬಿಳಿಯರು. ಓದುವ ಇಬ್ಬರಲ್ಲಿ ಒಬ್ಬನಿಗೆ ಮಾತ್ರ ತಿಳಿಯಬೇಕು, ಅದು ಲೆಕ್ಕಾಚಾರ. ಆದರೆ ಸೆನ್ಸಾರಿನವನಿಗೂ ತಿಳಿಯಿತು, ಅದಕ್ಕೇ ನನಗೂ ನಿನಗೂ ತಿಳಿದಿದೆ. ಇದನ್ನು ಓದಿದಾಗ, ಬರೆದದ್ದನ್ನು ನೀನು ಓದುವುದಿಲ್ಲ ಎಂದು ಗೊಣಗುವ ನನಗೆ ಸ್ವಲ್ಪ ನಾಚಿಕೆಯಾಯಿತು.

ಮೇಲೆ ಗುಡ್ಡದ ಮೇಲೊಂದು ಛತ್ರಿ ಇದೆ. ಮಳೆಯ ಕೊಡೆಯಲ್ಲ, ಗುಮ್ಮಟವಿರುವ ಸ್ಮಾರಕ ಮಂಟಪ. ಪ್ಯಾಚಮ್ ಎಂಬಲ್ಲಿಂದ ಹುಲ್ಲುಗಾವಲು ದಾಟಿ ನಡೆದೇ ಹೋಗಬೇಕು, ಬೂಟು ತಾ ಎಂದದ್ದು ಇದಕ್ಕೂ ಸೇರಿ. ಇಲ್ಲಿ ತೀರಿಕೊಂಡ ಹಿಂದೂ ಮತ್ತು ಸಿಖ್ ಸಿಪಾಯಿಗಳಲ್ಲಿ 53 ಜನರನ್ನು ಆ ಗುಡ್ಡದ ಮೇಲೆ ಸುಟ್ಟರು. ಆ ಜಾಗದಲ್ಲಿ ಅಮೃತಶಿಲೆಯ ಛತ್ರಿ ಕಟ್ಟಿ 1921ರ ಫೆಬ್ರವರಿಯಲ್ಲಿ ಅನಾವರಣ ಮಾಡಿದರು. ಸುತ್ತ ಗಾಳಿ, ಕೆಳಗೆ ದೂರದಲ್ಲಿ ಸಮುದ್ರ. ಚಿತೆ ಉರಿದ ಕಡೆ ಈಗ ಮೂರು ಗ್ರಾನೈಟ್ ಚಪ್ಪಡಿಗಳಿವೆ. ಬಂದಿದ್ದವರಲ್ಲಿ ಬಹಳಷ್ಟು ಜನ ಪಂಜಾಬು, ಗಡ್ವಾಲ, ನೇಪಾಳದ ಕಡೆಯವರು. ನಮ್ಮ ಮೈಸೂರು ಲ್ಯಾನ್ಸರ್ಸ್ ಹೋದದ್ದು ಈಜಿಪ್ಟಿಗೆ, ಅಲ್ಲಿಂದ ಹೈಫಾಕ್ಕೆ. ಆ 53 ಜನರ ಬೂದಿಯನ್ನು ಇದೇ ಸಮುದ್ರಕ್ಕೆ ಬಿಟ್ಟರು. ಅದು ಗೊತ್ತಾದ ಮೇಲೆ ಆ ಕಡಲೆಕಾಯಿ ಸದ್ದು ನನಗೆ ಮೊದಲಿನ ಹಾಗೆ ಕೇಳಿಸುವುದಿಲ್ಲ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಪ್ಯಾಲೆಸ್ ಪಿಯರ್, 1899ರದ್ದು, ಸಮುದ್ರದೊಳಕ್ಕೆ ಅರ್ಧ ಕಿಲೋಮೀಟರು ಚಾಚಿದ ಕಟ್ಟೆ. ಮೇಲೆ ದಸರಾ ವಸ್ತುಪ್ರದರ್ಶನದ್ದೇ ಗದ್ದಲ, ತೊಟ್ಟಿಲು, ಬತ್ತಾಸಿನಂಥ ಸಿಹಿ. ಅದರ ಅಕ್ಕ ವೆಸ್ಟ್ ಪಿಯರ್ 1866ರದ್ದು, 1975ರಲ್ಲಿ ಮುಚ್ಚಿತು, 2003ರಲ್ಲಿ ಬೆಂಕಿಗೆ ಸಿಕ್ಕಿತು. ಈಗ ಕಬ್ಬಿಣದ ಅಸ್ಥಿಪಂಜರ ನೀರಿನಲ್ಲಿ ನಿಂತಿದೆ. ಚಳಿಗಾಲದ ಸಂಜೆ ಅಲ್ಲಿ ಕಬ್ಬಕ್ಕಿ ಜಾತಿಯ ಸಾವಿರಾರು ಹಕ್ಕಿಗಳು ಹೊಗೆಯ ಹಾಗೆ ಸುತ್ತುತ್ತವೆ, ಜೂನಿನಲ್ಲಿ ಬರುವವರಿಗೆ ಆ ಭಾಗ್ಯವಿಲ್ಲ. ಕರೆಂಟಿನ ಇಲಾಖೆಯವನಾದ ನಿನಗೆ ವೋಕ್ಸ್ ರೈಲನ್ನು ತೋರಿಸಲೇಬೇಕು. ದಡದಲ್ಲಿ ಓಡುವ ಪುಟ್ಟ ವಿದ್ಯುತ್ ರೈಲು, 1883ರಲ್ಲಿ ಶುರುವಾದದ್ದು ಇನ್ನೂ ಓಡುತ್ತಿದೆ. ನಮ್ಮ ಶಿವನಸಮುದ್ರದ ಕರೆಂಟು ಕೋಲಾರದ ಗಣಿಗೆ ಹೋದದ್ದು 1902ರಲ್ಲಿ, ಲೆಕ್ಕ ಹಾಕಿಕೋ. ಇನ್ನು ಪಾಟ್ನಾದ ಶೇಕ್ ದೀನ್ ಮಹಮ್ಮದ್ ಎಂಬಾತ ಈ ಊರಿಗೆ ಬಂದು ಸ್ನಾನಗೃಹ ತೆರೆದು ರಾಜರಿಗೇ ಚಂಪಿ ಮಾಡಿದ, ಶಾಂಪೂ ಎಂಬ ಮಾತನ್ನು ಇಲ್ಲಿ ಮನೆಮಾತು ಮಾಡಿದ. ಅವನ ಸಮಾಧಿಯೂ ಇಲ್ಲೇ ಇದೆ. ನಿನಗೆ ಆ ವಿಷಯದಲ್ಲಿ ಈಗ ಆಸಕ್ತಿ ಉಳಿದಿಲ್ಲವೆಂದು ಇತ್ತೀಚಿನ ಫೋಟೊ ನೋಡಿದರೆ ತಿಳಿಯುತ್ತದೆ.

ಊಟಕ್ಕೆ ಭಯವಿಲ್ಲ, ಸಸ್ಯಾಹಾರಿ ಹೋಟೆಲುಗಳು ಧಾರಾಳ. ಭಯವಿರುವುದು ಹಕ್ಕಿಗೆ. ಹೋದ ತಿಂಗಳು ಕಲ್ಲಿನ ಮೇಲೆ ಕೂತು, ನೀನು ಕಳಿಸಿದ ಚಕ್ಕುಲಿಯ ಡಬ್ಬ ತೆರೆದೆ. ಒಂದನ್ನು ಮುರಿದು ಬಾಯಿಗೆ ಒಯ್ಯುವಷ್ಟರಲ್ಲಿ ಬಾತುಕೋಳಿಯಷ್ಟು ದೊಡ್ಡ ಕಡಲಹಕ್ಕಿ ಹಿಂದಿನಿಂದ ಬಂದು, ರೆಕ್ಕೆಯಿಂದ ಕಿವಿಗೊಂದು ಬಿಟ್ಟು, ಚಕ್ಕುಲಿ ಕಿತ್ತುಕೊಂಡು ಹೋಯಿತು. ಹಳದಿ ಕೊಕ್ಕಿನಲ್ಲಿ ಚಕ್ಕುಲಿ, ಅದರ ಮೇಲಿನ ಎಳ್ಳು ಕೂಡ ಕಾಣುತ್ತಿತ್ತು. ಪಕ್ಕದಲ್ಲಿದ್ದ ಮುದುಕಿ ನಕ್ಕಳು. ನಾನೂ ನಗಲು ಹೋದೆ, ಆಗಲಿಲ್ಲ.

ಏಕೆಂದರೆ ನನಗೆ ಆ ಕಾಗೆ ನೆನಪಾಯಿತು ಸೀನ. ಪಶ್ಚಿಮವಾಹಿನಿಯ ಕಾಗೆ.

ಅಪ್ಪನ ಹತ್ತನೆಯ ದಿನ. ಪಿಂಡ ಇಟ್ಟು ಮುಕ್ಕಾಲು ಗಂಟೆಯಾದರೂ ಕಾಗೆ ಅರಳಿಮರದಿಂದ ಇಳಿಯಲಿಲ್ಲ. ಪುರೋಹಿತರು “ಏನೋ ಆಸೆ ಉಳಿದಿದೆ, ಹೇಳಿಕೊಳ್ಳಿ” ಎಂದರು. ಚಿಕ್ಕಪ್ಪ ಏನೇನೋ ಹೇಳಿದರು, ಅದು ಕತ್ತು ಕೊಂಕಿಸಿ ನೋಡಿತೇ ಹೊರತು ಕದಲಲಿಲ್ಲ. ನೀನು ಮೊಣಕೈಯಿಂದ ತಿವಿದೆ. ನಾನು ಎಲ್ಲರಿಗೂ ಕೇಳಿಸುವ ಹಾಗೆ, “ಅಪ್ಪಾ, ಇಲವಾಲದ ಸೈಟಿನಲ್ಲಿ ಮನೆ ಕಟ್ಟುತ್ತೇನೆ, ವಾಪಸು ಬಂದುಬಿಡುತ್ತೇನೆ” ಎಂದೆ. ಇಳಿದು ಬಂತು. ಅದು ಮಾತಿಗಲ್ಲ, ನೀನು ಮೇಲಿಟ್ಟ ವಡೆಗೆ ಬಂದದ್ದು ಎಂದು ನೀನು ಇವತ್ತಿಗೂ ವಾದಿಸುತ್ತೀಯ. ಹಾಗೇ ವಾದಿಸುತ್ತಿರು.

ಮೂರು ವಾರದ ಹಿಂದೆ ಇಲ್ಲಿ ಉಯಿಲು ಬರೆಸಲು ಹೋಗಿದ್ದೆ. ಐವತ್ತು ದಾಟಿದವರು ಮಾಡುವ ಕೆಲಸ, ಅಷ್ಟೇನೂ ಗಾಬರಿ ಬೇಡ. ವಕೀಲೆ ಒಂದೊಂದೇ ಕೇಳುತ್ತ ಕೊನೆಗೆ ಬೂದಿಯನ್ನು ಎಲ್ಲಿ ಬಿಡಬೇಕೆಂದು ಕೇಳಿದಳು. ಪಶ್ಚಿಮವಾಹಿನಿ ಎಂದೆ. ಅಕ್ಷರ ಹೇಳಿ ಎಂದಳು. ಇಂಗ್ಲಿಷಿನಲ್ಲಿ ಹದಿನಾಲ್ಕು ಅಕ್ಷರ. ಒಂಬತ್ತನೆಯದರ ಹೊತ್ತಿಗೆ ಇಬ್ಬರೂ ಸುಸ್ತು. “ಅಲ್ಲಿಗೆ ಯಾರು ಒಯ್ಯುತ್ತಾರೆ?” ಎಂದಳು. ಅವಳು ಕೇಳಿದ್ದು ಫಾರಂ ತುಂಬಲಿಕ್ಕೆ. ನನಗೆ ಮಗಳ ಮುಖ ಕಣ್ಣೆದುರು ಬಂತು. ಶ್ರೀರಂಗಪಟ್ಟಣಕ್ಕೆ ಎರಡು ಸಲ ಬಂದಿದ್ದಾಳೆ, ಎರಡು ಸಲವೂ “ಇನ್ನೂ ಎಷ್ಟು ಹೊತ್ತು?” ಎಂದು ಕೇಳಿದ್ದಾಳೆ. “ಹೊಡೆದು ಹಾಕಿ, ಬ್ರೈಟನ್ ಎಂದು ಬರೆಯಿರಿ” ಎಂದೆ. ಎಂಟೇ ಅಕ್ಷರ, ಅವಳಿಗೂ ಹಾಯೆನಿಸಿತು.

ಅಕ್ಷರದ ತೊಂದರೆಯಿಂದ ಊರು ಬಿಟ್ಟೆ ಎಂದು ತಮಾಷೆಯಾಗಿ ಮುಗಿಸುವುದೆಂದು ಕೂತಿದ್ದೆ. ಆದರೆ ಹಾಯೆನಿಸಿದ್ದು ಅವಳಿಗಷ್ಟೇ ಅಲ್ಲ. ನನಗೂ. ಬೇಸರವಾಗಬೇಕಿತ್ತು, ಆಗಲಿಲ್ಲ. ಹೊರಗೆ ಬಂದು ಬಸ್ಸಿಗೆ ಕಾಯುವಾಗ ಕೈ ನಡುಗುತ್ತಿತ್ತು, ಆದರೆ ಅದು ದುಃಖವಾಗಿರಲಿಲ್ಲ. ಬಹಳ ದಿನದಿಂದ ಹೇಳುತ್ತಿದ್ದ ಸುಳ್ಳೊಂದನ್ನು ಕೆಳಗಿಟ್ಟ ಹಾಗಿತ್ತು. 2019ರಲ್ಲಿ ಏನೋ ವೀಸಾ ವಿಸ್ತರಣೆಯ ಓಡಾಟ ಎಂದು ನಿನಗೆ ಹೇಳಿದೆನಲ್ಲ, ಅದು ವೀಸಾ ಅಲ್ಲ, ಪೌರತ್ವ. ರಾಣಿಯ ಚಿತ್ರದ ಮುಂದೆ ನಿಂತು ಪ್ರಮಾಣ ಮಾಡಿ ಬಂದ ಸಂಜೆಯೇ ನಿನ್ನ ಜೊತೆ ಫೋನಿನಲ್ಲಿ ಮನೆಯ ಪಾಯದ ಬಗ್ಗೆ ಅರ್ಧ ಗಂಟೆ ಮಾತಾಡಿದ್ದೇನೆ. ನೀನು ಪ್ರತಿ ಮಳೆಗಾಲದ ನಂತರ ನನ್ನ ಸೈಟಿನ ಕಾಂಗ್ರೆಸ್ ಗಿಡ ಕೀಳಿಸಿ ಫೋಟೊ ಕಳಿಸುತ್ತೀಯ. ನಿನ್ನ ಕಾಂಪೌಂಡಿನಲ್ಲಿ ಮೂರಡಿ ಜಾಗ ಬಿಟ್ಟು ತಗಡು ಮುಚ್ಚಿದ್ದೀಯ, ನಾನು ಬಂದ ಮೇಲೆ ಅಲ್ಲೊಂದು ಚಿಕ್ಕ ಗೇಟು, ಬೆಳಗ್ಗೆ ಕಾಫಿಗೆ ಆಚೀಚೆ ಓಡಾಡಲು ಎಂದು. ಆ ತಗಡು ತುಕ್ಕು ಹಿಡಿಯುತ್ತ ಬಂದದ್ದನ್ನು ಒಂದೊಂದೇ ಫೋಟೊದಲ್ಲಿ ನೋಡಿದ್ದೇನೆ, ನೋಡಿಯೂ “ಮುಂದಿನ ವರ್ಷ” ಎಂದು ಬರೆದಿದ್ದೇನೆ.

ಇಷ್ಟೆಲ್ಲ ಬರೆಯಬೇಕೆಂದಿರಲಿಲ್ಲ. ಬೂಟಿನಿಂದ ಶುರುವಾದದ್ದು ಎಲ್ಲಿಗೋ ಹೋಯಿತು. ಅಳಿಸಲು ಹೋದೆ, ಆಗ ಚಕ್ಕುಲಿಯ ವಿಷಯವನ್ನೂ ಅಳಿಸಬೇಕಾಗುತ್ತದೆ, ಅದು ಚೆನ್ನಾಗಿ ಬಂದಿದೆ. ಉಯಿಲಿನ ವಿಷಯ ಶೈಲಳಿಗೂ ಹೇಳಿರಲಿಲ್ಲ. ಈಗ ಗೊತ್ತಾಗಿರುತ್ತದೆ. ಶೈಲ, ರಾತ್ರಿ ಮಾತಾಡೋಣ, ಅಡುಗೆ ನಾನೇ ಮಾಡುತ್ತೇನೆ. ಬ್ಯಾಚಿನವರೆಲ್ಲ ಸೈಟಿನ ರೇಟು ಕೇಳಿ ನನಗೆ ಮೆಸೇಜು ಮಾಡಬೇಡಿ, ವಿಶೇಷವಾಗಿ ರಿಯಲ್ ಎಸ್ಟೇಟಿನವರು ಇಬ್ಬರಿದ್ದೀರಿ, ನೀವು ಯಾರೆಂದು ನಿಮಗೇ ಗೊತ್ತು.

ಸೀನ, ತಗಡಿನ ಜಾಗಕ್ಕೆ ಈಗಲೇ ಇಟ್ಟಿಗೆ ತರಿಸಬೇಡ. ಕಲ್ಲಿನ ಮೇಲೆ ಕೂತು ನೀನು ನನ್ನನ್ನು ಬೈಯುವುದಿದ್ದರೆ ಮೊದಲು ಬೈದು ಮುಗಿಸು. ನಿಮ್ಮಮ್ಮನ ಎದುರು ಬೇಡ, ಅವರಿಗೆ ಡ್ರ್ಯಾಗನ್ ತೋರಿಸಿ ಬರೋಣ. ಬಿಸಿಲೆಂದು ನಂಬಬೇಡ, ಸ್ವೆಟರ್ ಇರಲಿ. ಚಕ್ಕುಲಿ ಎರಡು ಡಬ್ಬ ತಾ. ಒಂದು ಆ ಹಕ್ಕಿಗಳಿಗೆ. ಅವು ಏನೂ ಮಾತು ತೆಗೆದುಕೊಳ್ಳುವುದಿಲ್ಲ.

ನಿನ್ನ,
ಕಿಟ್ಟಿ