ಹಳೆಯ ಟೂರಿಂಗ್ ಬೈಕ್: ಶಾಕ್ ಕೊಳ್ಳುವ ಮೊದಲು ಅಳತೆ ಟೇಪ್ ಹಿಡಿಯಿರಿ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ವಾಹನ ಪುಟದಲ್ಲಿ ಎಂಜಿನ್‌ಗೆ ಸಿಗುವ ಜಾಗದ ಕಾಲುಪಾಲೂ ಸಸ್ಪೆನ್ಷನ್‌ಗೆ ಸಿಗುವುದಿಲ್ಲ. ಸಿಕ್ಕರೂ ‘ಮೆದುವಾಗಿದೆ’ ಅಥವಾ ‘ಗಡುಸಾಗಿದೆ’ ಎಂಬ ಒಂದು ಮಾತಿಗೆ ಮುಗಿಯುತ್ತದೆ. ಹದಿನೈದು, ಇಪ್ಪತ್ತು ವರ್ಷ ಓಡಿದ ಟೂರಿಂಗ್ ಬೈಕ್ ಇಟ್ಟುಕೊಂಡವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಬೈಕ್ ತಿರುವಿನಲ್ಲಿ ತೂಗಾಡತೊಡಗಿದಾಗ, ಬ್ರೇಕ್ ಹಿಡಿದೊಡನೆ ಮುಂಭಾಗ ಮುಗ್ಗರಿಸತೊಡಗಿದಾಗ ಅವರು ಹಿಂದಿನ ಪ್ರಿಲೋಡ್ ನಟ್ಟನ್ನು (ಸ್ಪ್ರಿಂಗನ್ನು ಮೊದಲೇ ಅದುಮಿಡುವ ನಟ್ಟು) ಕೊನೆತನಕ ಬಿಗಿಯುತ್ತಾರೆ. ಅದೂ ಸಾಲದಿದ್ದರೆ ದುಬಾರಿ ಶಾಕ್ ತಂದು ಹಾಕುತ್ತಾರೆ. ಇದು ತುದಿಯಿಂದ ಬುಡಕ್ಕೆ ಹೋಗುವ ದಾರಿ. ಮೊದಲು ಅಳತೆ, ಆಮೇಲೆ ಭಾರಕ್ಕೆ ತಕ್ಕ ಸ್ಪ್ರಿಂಗ್, ಕೊನೆಗೆ ಡ್ಯಾಂಪಿಂಗ್, ಅಂದರೆ ಸ್ಪ್ರಿಂಗಿನ ಕುಣಿತಕ್ಕೆ ಆಯಿಲ್ ಒಡ್ಡುವ ತಡೆ. ಈ ಕ್ರಮ ತಪ್ಪಿದರೆ ಎಷ್ಟು ಹಣ ಸುರಿದರೂ ಬೈಕ್ ಸರಿಹೋಗುವುದಿಲ್ಲ.

ಪ್ರಿಲೋಡ್ ಬಿಗಿದರೆ ಸ್ಪ್ರಿಂಗ್ ಗಡುಸಾಗುತ್ತದೆ ಎಂಬ ನಂಬಿಕೆ ಗ್ಯಾರೇಜುಗಳಲ್ಲೂ ಬೇರುಬಿಟ್ಟಿದೆ. ಹಾಗೆ ಆಗುವುದಿಲ್ಲ. ಮಿಲಿಮೀಟರಿಗೆ 0.7 ಕೆ.ಜಿ.ಯ ಸ್ಪ್ರಿಂಗನ್ನು ಎಷ್ಟೇ ಅದುಮಿಟ್ಟರೂ ಮುಂದಿನ ಪ್ರತಿ ಮಿಲಿಮೀಟರಿಗೆ ಅದು ಹೊರುವುದು ಅದೇ 0.7 ಕೆ.ಜಿ. ಪ್ರಿಲೋಡಿನಿಂದ ಬದಲಾಗುವುದು ಬೈಕ್ ನಿಲ್ಲುವ ಎತ್ತರ ಮಾತ್ರ. ಒಂದು ಲೆಕ್ಕ ನೋಡಿ. ಸವಾರನೂ ಸೇರಿ ಮುಂದಿನ ಎರಡು ಸ್ಪ್ರಿಂಗ್‌ಗಳ ಮೇಲೆ ಬೀಳುವ ಭಾರ 140 ಕೆ.ಜಿ. ಎಂದುಕೊಳ್ಳಿ. ಫೋರ್ಕಿನ (ಮುಂಚಕ್ರ ಹಿಡಿದ ಎರಡು ಕಾಲುಗಳ) ಓರೆ, ಒಳಗಿನ ಗಾಳಿ ಇವನ್ನು ಸದ್ಯಕ್ಕೆ ಬಿಡೋಣ. 0.7ರ ಎರಡು ಸ್ಪ್ರಿಂಗ್ ಸೇರಿ ಮಿಲಿಮೀಟರಿಗೆ 1.4 ಕೆ.ಜಿ., ಆದ್ದರಿಂದ ಭಾರ ಹೊರಲು ಸ್ಪ್ರಿಂಗ್ 100 ಮಿ.ಮೀ. ಅದುಮಬೇಕು. ಬೈಕ್ 40 ಮಿ.ಮೀ. ಮಾತ್ರ ಕುಸಿಯಬೇಕೆಂದರೆ ಉಳಿದ 60 ಮಿ.ಮೀ. ಪ್ರಿಲೋಡಿನಲ್ಲೇ ತುಂಬಬೇಕು. ಅಷ್ಟು ಅದುಮಿಟ್ಟ ಮೆದು ಸ್ಪ್ರಿಂಗ್, ಚಕ್ರ ಗುಂಡಿಗಿಳಿದಾಗ ಫೋರ್ಕನ್ನು ತುದಿಗೆ ತಳ್ಳಿ ‘ಟಕ್’ ಎನ್ನಿಸುತ್ತದೆ, ಬ್ರೇಕ್ ಹಿಡಿದರೆ ಮೊದಲಿನಷ್ಟೇ ಸುಲಭವಾಗಿ ಅದುಮಿಕೊಳ್ಳುತ್ತದೆ. ಅದೇ ಜಾಗಕ್ಕೆ 1.0ರ ಸ್ಪ್ರಿಂಗ್ ಹಾಕಿದರೆ ಅದುಮುವುದು 70 ಮಿ.ಮೀ., ಪ್ರಿಲೋಡ್ 30 ಸಾಕು. ಕಾರ್ಖಾನೆಯಿಂದ ಬಂದ ಹಳೆಯ ಟೂರಿಂಗ್ ಬೈಕುಗಳ ಫೋರ್ಕ್ ಸ್ಪ್ರಿಂಗ್ ಬಹುಪಾಲು ಮೆದು. ಹಿಂಬದಿ ಸವಾರ, ಎರಡು ಪಕ್ಕದ ಪೆಟ್ಟಿಗೆ, ಮೇಲೊಂದು ಟಾಪ್ ಬಾಕ್ಸ್ ಸೇರಿದರೆ ಅದರ ಕೈಲಾಗುವುದಿಲ್ಲ.

ಈ ಕುಸಿತಕ್ಕೆ ಸ್ಯಾಗ್ ಎನ್ನುತ್ತಾರೆ. ಅಳೆಯಲು ಅಳತೆ ಟೇಪ್ ಮತ್ತು ಇಬ್ಬರು ಸಹಾಯಕರು ಸಾಕು. ಚಕ್ರ ನೆಲ ಬಿಟ್ಟು, ಸಸ್ಪೆನ್ಷನ್ ಪೂರ್ತಿ ಇಳಿಬಿದ್ದಿರುವಾಗ ಮೊದಲ ಅಳತೆ. ಮುಂದೆ ಫೋರ್ಕಿನ ಡಸ್ಟ್ ಸೀಲಿನಿಂದ (ಧೂಳು ತಡೆಯುವ ರಬ್ಬರ್ ಉಂಗುರ) ಟ್ಯೂಬುಗಳನ್ನು ಹಿಡಿದ ಕೆಳಗಿನ ಕ್ಲ್ಯಾಂಪಿನವರೆಗೆ, ಹಿಂದೆ ಆಕ್ಸಲ್ಲಿನಿಂದ ನೇರ ಮೇಲೆ ಬಾಡಿಯ ಮೇಲೆ ಹಾಕಿದ ಗುರುತಿನವರೆಗೆ. ಎರಡನೆಯದು ಬೈಕ್ ತನ್ನ ಭಾರದಲ್ಲೇ ನೆಟ್ಟಗೆ ನಿಂತಾಗ. ಮೂರನೆಯದು ಸವಾರ ಜಾಕೆಟ್, ಬೂಟು, ಹೆಲ್ಮೆಟ್ ಸಹಿತ ಕುಳಿತು, ದೂರದ ಸವಾರಿಗೆ ಒಯ್ಯುವ ಸಾಮಾನನ್ನೂ ಏರಿಸಿದಾಗ. ಇಲ್ಲೊಂದು ಸೂಕ್ಷ್ಮವಿದೆ. ಸೀಲ್, ಬುಶ್‌ಗಳ ಹಿಡಿತದಿಂದ ಫೋರ್ಕ್ ಪ್ರತಿ ಸಲ ಒಂದೇ ಜಾಗಕ್ಕೆ ಬಂದು ನಿಲ್ಲುವುದಿಲ್ಲ. ಒಮ್ಮೆ ಅದುಮಿ ನಿಧಾನ ಮೇಲೆ ಬರಲು ಬಿಟ್ಟು ಅಳೆಯಿರಿ. ಇನ್ನೊಮ್ಮೆ ಎತ್ತಿ ನಿಧಾನ ಇಳಿಯಲು ಬಿಟ್ಟು ಅಳೆಯಿರಿ. ಎರಡರ ಸರಾಸರಿ ಹಿಡಿಯಿರಿ. ಎರಡರ ನಡುವೆ ತುಂಬಾ ಅಂತರವಿದ್ದರೆ ಫೋರ್ಕ್ ಎಲ್ಲೋ ಕಚ್ಚಿಕೊಳ್ಳುತ್ತಿದೆ: ಬುಶ್ ಸವೆದಿದೆ, ಟ್ಯೂಬ್ ಬಾಗಿದೆ, ಇಲ್ಲವೇ ಆಕ್ಸಲ್ ಬಿಗಿಯುವಾಗ ಕಾಲುಗಳು ಓರೆಯಾಗಿವೆ.

ಸವಾರ ಕುಳಿತಾಗಿನ ಕುಸಿತ ಒಟ್ಟು ಚಲನೆಯ ಮೂರರಲ್ಲೊಂದು ಭಾಗದ ಆಸುಪಾಸು ಇರಬೇಕು: ಮುಂದೆ 35ರಿಂದ 45 ಮಿ.ಮೀ., ಹಿಂದೆ 30ರಿಂದ 40. ಬೈಕಿನ ಸ್ವಂತ ಭಾರಕ್ಕೆ ಹಿಂಭಾಗ 10ರಿಂದ 15 ಮಿ.ಮೀ. ಇಳಿದರೆ ಸರಿ. ಎರಡನ್ನೂ ಒಟ್ಟಿಗೆ ಓದಬೇಕು, ಹೆಚ್ಚಿನವರು ಎಡವುವುದೂ ಇಲ್ಲೇ. ಸವಾರನ ಸಹಿತ ಕುಸಿತ ಸರಿಯಿದೆ, ಆದರೆ ಬರೀ ಬೈಕ್ ಒಂದಿಷ್ಟೂ ಇಳಿಯುವುದಿಲ್ಲ ಎಂದರೆ ಸ್ಪ್ರಿಂಗ್ ಮೆದುವಾಗಿದೆ, ಅದನ್ನು ವಿಪರೀತ ಬಿಗಿದು ನಿಲ್ಲಿಸಲಾಗಿದೆ. ಬರೀ ಬೈಕೇ 25 ಮಿ.ಮೀ. ಇಳಿದು, ಸವಾರ ಕುಳಿತಾಗ ಸರಿಯಾದ ಅಳತೆಗೆ ಬಂದರೆ ಸ್ಪ್ರಿಂಗ್ ಬೇಕಾದ್ದಕ್ಕಿಂತ ಗಡುಸು. ಇದು ಮೊದಲು ಕೇಳಿದಾಗ ತಲೆಕೆಳಗಾಗಿ ತೋರುತ್ತದೆ. ಕಾಗದದ ಮೇಲೆ ಲೆಕ್ಕ ಹಾಕಿದರೆ ತಾನೇ ತಿಳಿಯುತ್ತದೆ.

ಬಿಡಿಭಾಗ ತರಿಸುವ ಮೊದಲು ಇನ್ನೊಂದು ಸುತ್ತು ನೋಡಬೇಕಾದ್ದಿದೆ. ಟೈರಿನ ಪಕ್ಕದ ಕೊನೆಯ ನಾಲ್ಕಂಕಿ ನೋಡಿ. ಮೊದಲೆರಡು ವಾರ, ನಂತರದ್ದು ವರ್ಷ. ಗಟ್ಟಿಯಾದ ಹಳೆಯ ಟೈರಿನ ಬಡಿತವನ್ನು ಯಾವ ಶಾಕೂ ಮರೆಮಾಡದು. ಮುಂಚಕ್ರ ಎತ್ತಿ ಹ್ಯಾಂಡಲ್ ನಿಧಾನ ತಿರುಗಿಸಿದಾಗ ನಟ್ಟನಡುವೆ ‘ಕಟಕ್’ ಎಂದು ಕೂತರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಹೋಗಿದೆ. ಹಿಂದೆ ಶಾಕ್ ಬಿಚ್ಚಿಟ್ಟು ಸ್ವಿಂಗ್ ಆರ್ಮ್ (ಹಿಂಚಕ್ರ ಹಿಡಿದ ತೋಳು) ಮತ್ತು ಅದನ್ನು ಶಾಕಿಗೆ ಜೋಡಿಸುವ ಲಿಂಕೇಜನ್ನು ಕೈಯಿಂದ ಆಡಿಸಿ. ನುಣ್ಣಗೆ ಏರಿಳಿಯಬೇಕು, ಅಡ್ಡಡ್ಡ ಆಡಬಾರದು. ಹಳೆಯ ಬೈಕುಗಳ ಲಿಂಕೇಜಿನಲ್ಲಿ ಸೂಜಿ ಬೇರಿಂಗ್‌ಗಳು ತುಕ್ಕು ಹಿಡಿದು ಕಲ್ಲಾಗಿರುವುದು ತೀರಾ ಸಾಮಾನ್ಯ. ‘ಹಿಂದೆ ಗಡುಸು’ ಎಂದು ಶಾಕ್ ಬದಲಿಸಿದವರಲ್ಲಿ ಎಷ್ಟೋ ಮಂದಿಗೆ ಬೇಕಿದ್ದದ್ದು ಹೊಸ ಬೇರಿಂಗ್, ಸೀಲ್ ಮತ್ತು ಒಂದಿಷ್ಟು ಗ್ರೀಸ್.

ಇನ್ನು ಫೋರ್ಕ್. ಹೆಚ್ಚು ಬರೆಯಬೇಕಾದದ್ದು ಇದರ ಬಗ್ಗೆಯೇ, ಏಕೆಂದರೆ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಸುಧಾರಣೆ ಸಿಗುವುದು ಇಲ್ಲಿ. ಹಳೆಯ ಬೈಕುಗಳಲ್ಲಿ ಬಹುತೇಕ ಡ್ಯಾಂಪರ್ ರಾಡ್ ಮಾದರಿಯ ಫೋರ್ಕ್ ಇರುತ್ತದೆ. ಅದರಲ್ಲಿ ಆಯಿಲ್ ಕೆಲವು ರಂಧ್ರಗಳಲ್ಲಿ ನುಗ್ಗಿ ಹೋಗುತ್ತದೆ, ಅಷ್ಟೆ. ರಂಧ್ರದ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ: ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಹಾಗಾಗಿ ಬ್ರೇಕ್ ಹಿಡಿದು ನಿಧಾನ ಕುಸಿಯುವಾಗ ಅದು ಬಹುತೇಕ ತಡೆಯುವುದೇ ಇಲ್ಲ, ಚೂಪಾದ ಗುಂಡಿಗೆ ಬಿದ್ದಾಗ ಮಾತ್ರ ಮಣಿಕಟ್ಟಿಗೆ ಏಟು ಕೊಡುತ್ತದೆ. ದಪ್ಪ ಆಯಿಲ್ ಸುರಿದರೆ ಕುಸಿತ ತುಸು ತಗ್ಗುತ್ತದೆ, ಏಟು ಇನ್ನೂ ಜೋರಾಗುತ್ತದೆ.

ಇದಕ್ಕೆ ಒಪ್ಪುವ ಪರಿಹಾರ ಎಮ್ಯುಲೇಟರ್ ವಾಲ್ವ್. ಡ್ಯಾಂಪರ್ ರಾಡಿನ ತಲೆಯ ಮೇಲೆ, ಸ್ಪ್ರಿಂಗಿನ ಅಡಿಯಲ್ಲಿ ಕೂರುವ ಈ ಪುಟ್ಟ ವಾಲ್ವ್ ಜೋರು ಏಟಿಗೆ ತೆರೆದುಕೊಂಡು ಆಯಿಲ್ಲಿಗೆ ದಾರಿ ಬಿಡುತ್ತದೆ. ಆದರೆ ರಾಡಿನ ಕೆಳಗಿನ ಕಂಪ್ರೆಷನ್ ರಂಧ್ರಗಳನ್ನು (ಫೋರ್ಕ್ ಅದುಮಿಕೊಳ್ಳುವಾಗ ಆಯಿಲ್ ಹೋಗುವವು) ಮೊದಲು ದೊಡ್ಡದು ಮಾಡಬೇಕು. ಇಲ್ಲದಿದ್ದರೆ ತಡೆ ಅಲ್ಲೇ ಉಳಿದು ವಾಲ್ವ್ ಹಾಕಿಯೂ ಹಾಕದಂತೆ. ಸಾಮಾನ್ಯವಾಗಿ ತಲಾ ಎರಡರಂತೆ ಮೂರು ಜೋಡಿ, 8 ಮಿ.ಮೀ. ರಂಧ್ರ. ಒಂದು ಜೋಡಿಯಿಂದ ಮುಂದಿನದು 90 ಡಿಗ್ರಿ ತಿರುಗಿ, ಕನಿಷ್ಠ 10 ಮಿ.ಮೀ. ದೂರದಲ್ಲಿರಬೇಕು, ಒಂದೇ ಸಾಲಿನಲ್ಲಿ ಕೊರೆದರೆ ರಾಡ್ ಬಲ ಕಳೆದುಕೊಳ್ಳುತ್ತದೆ. ಒಳಗಿನ ಚೂರು, ಮುಳ್ಳು ಪೂರ್ತಿ ತೆಗೆಯಿರಿ. ಮೇಲ್ತುದಿಯ ಸಣ್ಣ ರಂಧ್ರ ರಿಬೌಂಡಿನದು (ಫೋರ್ಕ್ ಮರಳಿ ಚಾಚುವಾಗಿನದು), ಅದನ್ನು ಮುಟ್ಟಲೇಬಾರದು. ರಿಬೌಂಡನ್ನು ಆಮೇಲೂ ನಿರ್ಧರಿಸುವುದು ಆಯಿಲ್ಲಿನ ದಪ್ಪವೇ. ವಾಲ್ವ್ ಎಷ್ಟು ಎತ್ತರವಿದೆಯೋ ಸ್ಪ್ರಿಂಗಿನ ಮೇಲೆ ಕೂರುವ ಸ್ಪೇಸರ್ ಪೈಪನ್ನು ಅಷ್ಟು ಗಿಡ್ಡ ಮಾಡಿ. ಸ್ಪೇಸರ್ ಪಿವಿಸಿ ಪೈಪಿನದಾದರೆ ಸ್ಪ್ರಿಂಗಿಗೆ ತಾಗುವ ಕಡೆ ಉಕ್ಕಿನ ವಾಷರ್ ಇರಲೇಬೇಕು, ಇಲ್ಲವಾದರೆ ಸ್ಪ್ರಿಂಗ್ ಪೈಪನ್ನು ಕೊರೆದು ಆಯಿಲ್ಲಿಗೆ ಪುಡಿ ಬೆರೆಸುತ್ತದೆ.

ಬಿಚ್ಚುವ ಕ್ರಮದಲ್ಲೂ ಎಚ್ಚರ ಬೇಕು. ಫೋರ್ಕ್ ಇನ್ನೂ ಬೈಕಿನಲ್ಲೇ ಇರುವಾಗ ಮೇಲಿನ ಕ್ಲ್ಯಾಂಪ್ ಸಡಿಲಿಸಿ, ಕೆಳಗಿನದನ್ನು ಬಿಗಿಯಾಗಿಟ್ಟು ಟಾಪ್ ಕ್ಯಾಪ್ ಅರ್ಧ ಸುತ್ತು ಬಿಚ್ಚಿಕೊಳ್ಳಿ. ಅಡಿಯ ಡ್ಯಾಂಪರ್ ಬೋಲ್ಟನ್ನೂ ಸ್ಪ್ರಿಂಗ್ ಒಳಗಿರುವಾಗಲೇ ಸಡಿಲಿಸಿ. ಸ್ಪ್ರಿಂಗ್ ತೆಗೆದ ಮೇಲೆ ರಾಡ್ ಬೋಲ್ಟಿನ ಜೊತೆಗೇ ಸುತ್ತುತ್ತದೆ. ಕ್ಯಾಪ್ ಪೂರ್ತಿ ತೆಗೆಯುವಾಗ ಮುಖ ಪಕ್ಕಕ್ಕಿರಲಿ, ಅದರ ಅಡಿಯಲ್ಲಿ ಸ್ಪ್ರಿಂಗಿನ ಒತ್ತಡವಿದೆ. ಬ್ರೇಕ್ ಕ್ಯಾಲಿಪರನ್ನು ಅದರ ಹೋಸಿನಿಂದ ನೇತುಹಾಕಬೇಡಿ. ಬುಶ್‌ಗಳ ಕಪ್ಪು ಲೇಪನ ಹೋಗಿ ತಾಮ್ರದ ಬಣ್ಣ ಕಾಣಿಸಿದರೆ ಬದಲಿಸಿ. ಸೀಲ್ ತೊಡಿಸುವಾಗ ಟ್ಯೂಬಿನ ಅಂಚಿಗೆ ತೆಳು ಪ್ಲಾಸ್ಟಿಕ್ ಸುತ್ತಿ ಆಯಿಲ್ ಸವರಿ. ಅಡಿಯ ಬೋಲ್ಟಿಗೆ ಹೊಸ ವಾಷರ್ ಹಾಕಿ. ಟ್ಯೂಬಿನ ಕ್ರೋಮ್ ತುಕ್ಕು ತಿಂದು ಕುಳಿಬಿದ್ದಿದ್ದರೆ ಹೊಸ ಸೀಲ್ ಹೆಚ್ಚು ದಿನ ಬಾಳುವುದಿಲ್ಲ. ಮೊದಲು ಟ್ಯೂಬ್ ಸರಿಯಾಗಬೇಕು.

ಆಯಿಲ್ ಡಬ್ಬಿಯ ಮೇಲಿನ 10 ಡಬ್ಲ್ಯು, 15 ಡಬ್ಲ್ಯು ನಂಬಿ ಮೋಸಹೋಗಬೇಡಿ. ಫೋರ್ಕ್ ಆಯಿಲ್ಲಿನಲ್ಲಿ ಈ ಅಂಕಿಗೆ ಕಂಪನಿಯಿಂದ ಕಂಪನಿಗೆ ಅರ್ಥ ಬೇರೆ. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಷ್ಟು ಸೆಂಟಿಸ್ಟೋಕ್ಸ್ (ಆಯಿಲ್ಲಿನ ದಪ್ಪದ ಅಳತೆ) ಎಂಬುದನ್ನು ನೋಡಿ. ಒಬ್ಬರ 10 ಡಬ್ಲ್ಯು 32 ಇದ್ದರೆ ಇನ್ನೊಬ್ಬರದು 45 ದಾಟಿರಬಹುದು. ಪ್ರಮಾಣವನ್ನೂ ಮಿಲಿಲೀಟರಿನಲ್ಲಿ ಅಳೆದು ಸುರಿದು ಬಿಡುವುದಲ್ಲ, ಏಕೆಂದರೆ ಹಳೆಯ ಆಯಿಲ್ ಒಳಗೆ ಸ್ವಲ್ಪ ಉಳಿದಿರುತ್ತದೆ. ಸ್ಪ್ರಿಂಗ್ ಹೊರಗಿಟ್ಟು, ಟ್ಯೂಬನ್ನು ಹತ್ತು ಸಲ ನಿಧಾನ ಏರಿಳಿಸಿ ಗಾಳಿ ಹೊರಹಾಕಿ, ಹತ್ತು ನಿಮಿಷ ಬಿಟ್ಟು, ಫೋರ್ಕನ್ನು ಪೂರ್ತಿ ಅದುಮಿ ಟ್ಯೂಬಿನ ಬಾಯಿಂದ ಆಯಿಲ್‌ವರೆಗಿನ ಅಂತರ ಅಳೆಯಿರಿ. ಕೈಪಿಡಿಯ ಅಳತೆಯೇ ಆರಂಭ. ಆಯಿಲನ್ನು 10 ಮಿ.ಮೀ. ಏರಿಸಿದರೆ ಮೇಲಿನ ಗಾಳಿಗೆ ಜಾಗ ಕಡಿಮೆಯಾಗಿ ಚಲನೆಯ ಕೊನೆಯ ಭಾಗ ಮಾತ್ರ ಗಡುಸಾಗುತ್ತದೆ, ಮೊದಲ ಭಾಗಕ್ಕೆ ತಿಳಿಯುವುದೂ ಇಲ್ಲ. ಅತಿಯಾಗಿ ತುಂಬಿದರೆ ಫೋರ್ಕ್ ಅರ್ಧದಲ್ಲೇ ನಿಂತು ಸೀಲ್ ಕಿತ್ತುಬರುತ್ತದೆ. ಜೋಡಿಸಿದ ಮೇಲೆ ಆಕ್ಸಲ್ ನಟ್ ಬಿಗಿದು, ಪಿಂಚ್ ಬೋಲ್ಟ್ (ಆಕ್ಸಲ್ಲನ್ನು ಫೋರ್ಕಿನ ಕಾಲಿಗೆ ಬಿಗಿಯುವುದು) ಸಡಿಲವಿರುವಾಗಲೇ ಮುಂಭಾಗವನ್ನು ಕೆಲವು ಸಲ ಅದುಮಿ, ಕಾಲುಗಳು ತಮ್ಮ ಜಾಗ ಹಿಡಿದ ಮೇಲಷ್ಟೇ ಪಿಂಚ್ ಬೋಲ್ಟ್ ಬಿಗಿಯಿರಿ.

ಎಲ್ಲ ಬೈಕಿಗೂ ಇದು ಹೊಂದುವುದಿಲ್ಲ. 1993ರಲ್ಲಿ ಬಿಎಂಡಬ್ಲ್ಯು ಆರ್1100ಆರ್‌ಎಸ್ ಜೊತೆ ಬಂದ ಟೆಲಿಲೀವರ್ ಎಂಬ ಮುಂಭಾಗದ ಸಸ್ಪೆನ್ಷನ್‌ನಲ್ಲಿ ಮುಂದಿನ ಟ್ಯೂಬುಗಳೊಳಗೆ ಸ್ಪ್ರಿಂಗೂ ಇಲ್ಲ, ಡ್ಯಾಂಪಿಂಗೂ ಇಲ್ಲ. ಆಯಿಲ್ ಇರುವುದು ಜಾರಿಕೆಗೆ ಮಾತ್ರ. ಅಲ್ಲಿ ಬದಲಿಸಬೇಕಾದದ್ದು ನಡುವಿನ ಶಾಕ್. 1980ರ ಹೋಂಡಾ ಗೋಲ್ಡ್ ವಿಂಗ್ ಜಿಎಲ್1100ರಂತೆ ಗಾಳಿ ತುಂಬುವ ಸಸ್ಪೆನ್ಷನ್ ಇದ್ದರೆ ಕೈಪಂಪ್ ಬಳಸಿ. ಫೋರ್ಕಿನಲ್ಲಿ ಗಾಳಿಗೆ ಜಾಗ ಎಷ್ಟು ಕಡಿಮೆಯೆಂದರೆ ಕಂಪ್ರೆಸರಿನ ಒಂದು ಕ್ಷಣದ ಒತ್ತು ಸೀಲನ್ನು ಹಾರಿಸಬಲ್ಲದು.

ಹಿಂದಿನ ಶಾಕನ್ನು ತಣ್ಣಗಿರುವಾಗ ಅದುಮಿ ನೋಡಿ ‘ಚೆನ್ನಾಗಿದೆ’ ಎನ್ನಬೇಡಿ. ಮೂವತ್ತು ಕಿಲೋಮೀಟರ್ ಓಡಿಸಿ, ಆಯಿಲ್ ಬಿಸಿಯಾಗಿ ತೆಳುವಾದ ಮೇಲೆ ಸೀಟನ್ನು ಅದುಮಿ ಬಿಡಿ. ಮೇಲೆ ಬಂದು ನಿಂತರೆ ಸರಿ. ಎರಡನೇ ಸಲ ಕುಣಿದರೆ ಡ್ಯಾಂಪಿಂಗ್ ಮುಗಿದಿದೆ. ಬಿಚ್ಚಿ ಸರಿಪಡಿಸಬಹುದಾದ ಶಾಕ್ ಆದರೆ ಆಯಿಲ್, ಸೀಲ್, ಪಿಸ್ಟನ್ ಬ್ಯಾಂಡ್, ಸಾರಜನಕ ಹೊಸದಾಗಿ ತುಂಬಿಸಿದರೆ ಸಾಕು. ಆದರೆ ಅದರೊಳಗೆ ಅನಿಲ ಅತಿ ಒತ್ತಡದಲ್ಲಿರುತ್ತದೆ, 10ರಿಂದ 20 ಬಾರ್‌ವರೆಗೂ. ಮನೆಯಲ್ಲಿ ಕೊರೆಯುವುದು, ಕಾಯಿಸುವುದು ಜೀವಕ್ಕೆ ಅಪಾಯ. ಮುಚ್ಚಿದ ಮಾದರಿಯಾದರೆ ಹೊಸದೇ ಗತಿ. ತರಿಸುವಾಗ ಸವಾರ, ಹಿಂಬದಿ ಸವಾರ, ಸಾಮಾನು ಮೂರರ ತೂಕವನ್ನೂ ಬೇರೆಬೇರೆಯಾಗಿ ತಿಳಿಸಿ, ಸ್ಪ್ರಿಂಗ್ ಆರಿಸುವುದು ಅದರ ಮೇಲೆಯೇ. ಒಬ್ಬರೇ ಹೋಗುವ ದಿನವೂ, ಇಬ್ಬರು ಹೋಗುವ ದಿನವೂ ಇದ್ದರೆ ಗುಂಡಿ ತಿರುಗಿಸುವ ಹೈಡ್ರಾಲಿಕ್ ಪ್ರಿಲೋಡಿಗೆ ಹಣ ಕೊಡುವುದು ಸಾರ್ಥಕ, ಚಿನ್ನದ ಬಣ್ಣದ ಮೇಲ್ಲೇಪಕ್ಕಲ್ಲ. ಉದ್ದವನ್ನು ಮೂಲದಷ್ಟೇ ಇಡಿ. ಶಾಕ್ 50 ಮಿ.ಮೀ. ಚಲಿಸಿದಾಗ ಚಕ್ರ 120 ಚಲಿಸುವ ಬೈಕಿನಲ್ಲಿ ಶಾಕ್ 5 ಮಿ.ಮೀ. ಉದ್ದವಾದರೆ ಹಿಂಭಾಗ 12 ಮಿ.ಮೀ. ಏರುತ್ತದೆ. ಸೈಡ್ ಸ್ಟ್ಯಾಂಡ್ ಗಿಡ್ಡವಾಗಿ ಬೈಕ್ ಹೆಚ್ಚು ವಾಲುತ್ತದೆ, ಚೈನಿನ ಸಡಿಲ ಬದಲಾಗುತ್ತದೆ, ಶಾಫ್ಟ್ ಇದ್ದರೆ ಅದರ ಜಾಯಿಂಟಿನ ಕೋನವೂ.

ಶಾಕಿನ ರಿಬೌಂಡ್ ತಿರುಪನ್ನು ಪೂರ್ತಿ ಮುಚ್ಚಿ, ಅಲ್ಲಿಂದ ಕ್ಲಿಕ್ ಎಣಿಸಿ ಬರೆದಿಡಿ. ಸಾಲು ಉಬ್ಬುಗಳ ಮೇಲೆ ಹೋಗುತ್ತ ಹೋಗುತ್ತ ಹಿಂಭಾಗ ತಗ್ಗಿ ಗಡುಸಾದರೆ ರಿಬೌಂಡ್ ಹೆಚ್ಚಾಗಿದೆ, ಚಕ್ರ ಮರಳಿ ಇಳಿಯುವಷ್ಟರಲ್ಲಿ ಮುಂದಿನ ಉಬ್ಬು ಬಂದಿರುತ್ತದೆ. ತಿರುವಿನಲ್ಲಿ ತೂಗಿದರೆ ಕಡಿಮೆಯಾಗಿದೆ. ಒಂದು ಸಲಕ್ಕೆ ಒಂದೇ ತಿರುಪು, ಎರಡೇ ಕ್ಲಿಕ್, ಅದೇ ರಸ್ತೆ, ಅದೇ ಟೈರ್ ಒತ್ತಡ.

ಸಂಪಾದಕರಲ್ಲಿ ನಮ್ಮದೊಂದು ಬೇಡಿಕೆ. ಹಳೆಯ ಅಥವಾ ಹೊಸ ಟೂರಿಂಗ್ ಬೈಕಿನ ವಿಮರ್ಶೆ ಅಚ್ಚಾಗುವಾಗ ಓಡಿಸಿದವರ ತೂಕ, ಏರಿಸಿದ ಸಾಮಾನಿನ ತೂಕ, ಮುಂದೆ ಹಿಂದೆ ಅಳೆದ ಸ್ಯಾಗ್, ಪ್ರಿಲೋಡ್ ಎಷ್ಟಿತ್ತು ಎಂಬ ನಾಲ್ಕು ಸಾಲು ಸೇರಿಸಿ. 60 ಕೆ.ಜಿ.ಯವರು ಒಬ್ಬರೇ ಓಡಿಸಿ ‘ಗಡುಸು’ ಎಂದು ಬರೆದ ಬೈಕನ್ನು, ಇಬ್ಬರು ಕುಳಿತು ಪೆಟ್ಟಿಗೆ ತುಂಬಿಕೊಂಡು ಹೊರಡುವ ಓದುಗರು ಆಗ ತಮ್ಮ ಲೆಕ್ಕದಲ್ಲಿ ತೂಗಿ ನೋಡಬಹುದು.

ಇಂತಿ,
ಟೂರಿಂಗ್ ಬೈಕ್ ಸಸ್ಪೆನ್ಷನ್ ಕೆಲಸ ಬಲ್ಲ ಓದುಗರು