ಕಚ್ಚಿದ್ದು ಒಂದು ಹುಳು, ಫೋಟೋ ಇನ್ನೊಂದರದ್ದು

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಕಾಸರಗೋಡು ಪುಟದಲ್ಲಿ ಒಂದು ಸುದ್ದಿ ಬಂದಿತ್ತು. ಉದ್ಯೋಗ ಖಾತರಿ ಕೆಲಸದಲ್ಲಿ ಗುಡ್ಡೆಯ ಕಾಡು ಸವರುತ್ತಿದ್ದ ಹೆಂಗಸರಿಗೆ ಹುಳು ಕಚ್ಚಿ ನಾಲ್ಕು ಜನ ಆಸ್ಪತ್ರೆ ಸೇರಿದ್ದರು. ತಲೆಬರಹದಲ್ಲಿ ‘ಹೆಜ್ಜೇನು ದಾಳಿ’ ಎಂದಿತ್ತು. ಒಳಗೆ ಓದಿದರೆ ‘ಕಣಜದ ಹುಳು’. ಫೋಟೋ ನೋಡಿದರೆ ಯಾರದೋ ಮನೆಯ ಮಾಡಿನಡಿ ತೂಗುವ, ಅಂಗೈಯಷ್ಟು ಅಗಲದ ಬೂದು ಬಣ್ಣದ ಸಣ್ಣ ಗೂಡು. ಆ ನಾಲ್ವರಲ್ಲಿ ಒಬ್ಬರು ನಮ್ಮ ಪಕ್ಕದ ಮನೆಯವರು. ಅವರನ್ನು ನೋಡಲು ಹೋಗಿದ್ದೆ. ಪೊದೆಯೊಳಗೆ ಫುಟ್‌ಬಾಲ್‌ಗಿಂತ ದೊಡ್ಡ ಉಂಡೆಯ ಹಾಗಿನ ಗೂಡಿತ್ತಂತೆ, ಕತ್ತಿ ತಾಗಿದ್ದೇ ತಡ ಹುಳುಗಳು ಎದ್ದವಂತೆ, ಕಪ್ಪು ಮೈ, ಹೊಟ್ಟೆಗೆ ಅಗಲವಾದ ಹಳದಿ ಪಟ್ಟಿ. ಅಂದರೆ ಕಚ್ಚಿದ್ದು ದೊಡ್ಡ ಕಣಜ. ಹೆಜ್ಜೇನೂ ಅಲ್ಲ, ನಿಮ್ಮ ಫೋಟೋದಲ್ಲಿದ್ದ ಸಣ್ಣ ಕಣಜವೂ ಅಲ್ಲ.

ಇದಕ್ಕೂ ಒಂದು ಪತ್ರ ಬರೆಯಬೇಕಾ ಎಂದು ನಿಮಗೆ ಅನ್ನಿಸಬಹುದು. ಬರೆಯಲೇಬೇಕು, ಯಾಕೆಂದರೆ ಸುದ್ದಿ ಬಂದ ಎರಡೇ ದಿನಕ್ಕೆ ನಮ್ಮ ಹತ್ತಿರದ ಒಂದು ಶಾಲೆಯಲ್ಲಿ, ಆ ಫೋಟೋವನ್ನೇ ಎಲ್ಲರಿಗೂ ತೋರಿಸಿ, ವರಾಂಡದ ಮಾಡಿನಲ್ಲಿದ್ದ ಅಂಥದ್ದೇ ಎರಡು ಸಣ್ಣ ಗೂಡುಗಳಿಗೆ ಹಗಲಿನಲ್ಲೇ ಬೆಂಕಿ ಕೊಟ್ಟರು. ತೆಂಗಿನ ಗರಿಯ ಸೂಟೆ, ಅದಕ್ಕೆ ಸೀಮೆಎಣ್ಣೆ. ಮೊಮ್ಮಗಳನ್ನು ಕರೆದುಕೊಂಡು ಬರಲು ಹೋದ ನಾನು ಕಣ್ಣಾರೆ ನೋಡಿದೆ. ಏಣಿಯ ಮೇಲಿದ್ದ ಕೆಲಸದವನಿಗೆ ಎರಡು ಕಡೆ ಕುಟುಕಿತು, ಗಾಬರಿಯಲ್ಲಿ ಇಳಿಯುವಾಗ ಅವನ ಕಾಲು ಉಳುಕಿತು. ಮರಿಗಳು ಸುಟ್ಟು ಕೆಳಗೆ ಉದುರಿದವು. ಹೊರಗೆ ಹೋಗಿದ್ದ ಹುಳುಗಳು ವಾಪಸ್ ಬಂದು, ಗೂಡಿಲ್ಲದ ಜಾಗದಲ್ಲೇ ಸುತ್ತುತ್ತಾ ಇದ್ದವು. ಆ ಗೂಡುಗಳು ಅಲ್ಲಿ ಮಳೆಗಾಲದಿಂದಲೂ ಇದ್ದವು. ಮಕ್ಕಳು ಅದರ ಅಡಿಯಲ್ಲೇ ಕೂತು ಊಟ ಮಾಡುತ್ತಿದ್ದರು, ಒಬ್ಬರಿಗೂ ಏನೂ ಆಗಿರಲಿಲ್ಲ.

ನನಗೆ ಈ ಸಣ್ಣ ಕಣಜಗಳ ಮೇಲೆ ಪ್ರೀತಿ ಬಂದದ್ದಕ್ಕೆ ಕಾರಣ ಅಡಿಕೆ. ಬೇಸಿಗೆಯಲ್ಲಿ ಜಗಲಿಯಲ್ಲಿ ಅಡಿಕೆ ಸುಲಿಯಲು ಕೂತರೆ ಕೈಗೆ ಕೆಲಸ, ಕಣ್ಣಿಗೆ ಬಿಡುವು. ನಮ್ಮ ಜಗಲಿಯ ಪಕ್ಕಾಸಿನಲ್ಲಿ ಎರಡು ವರ್ಷ ಒಂದು ಗೂಡಿತ್ತು. ಮೊದಲ ದಿನದಿಂದ ನೋಡಿದ್ದೇನೆ. ಒಂದೇ ಒಂದು ಹುಳು ಬಂದು, ಹಳೆಯ ಬೇಲಿಗೂಟವನ್ನು ಕೆರೆದು, ಆ ನಾರನ್ನು ಎಂಜಲಿನಲ್ಲಿ ಅಗಿದು ಕಾಗದದ ಹಾಗೆ ಮಾಡಿ, ಮೊದಲು ಒಂದು ಸಪೂರ ತೊಟ್ಟು ಕಟ್ಟಿತು. ಇಡೀ ಗೂಡು ತೂಗುವುದು ಆ ಒಂದು ತೊಟ್ಟಿನಲ್ಲೇ. ಇರುವೆ ಬರುವ ದಾರಿ ಅಷ್ಟು ಇಕ್ಕಟ್ಟಾದರೆ ಕಾಯುವುದೂ ಸುಲಭ. ತೊಟ್ಟಿನ ತುದಿಗೆ ಆರು ಮೂಲೆಯ ಕೋಣೆಗಳು, ಕೋಣೆಗೊಂದು ಮೊಟ್ಟೆ. ವಾರ ಕಳೆದ ಮೇಲೆ ಇನ್ನೆರಡು ಹೆಣ್ಣುಗಳು ಬಂದು ಸೇರಿಕೊಂಡವು. ಮಳೆ ಹಿಡಿಯುವ ಹೊತ್ತಿಗೆ ಇಪ್ಪತ್ತರ ಹತ್ತಿರ ಹುಳುಗಳು, ಎಲ್ಲವೂ ಕಂದು ಮೈ, ಹೊಟ್ಟೆಯ ಮೇಲೆ ಹಳದಿ ಗೆರೆ, ಎಲ್ಲವೂ ನೋಡಲು ಒಂದೇ ಥರ.

ಇವುಗಳ ಊಟದ ವ್ಯವಸ್ಥೆ ನೋಡಬೇಕು. ಒಂದು ಹುಳು ಅಲಸಂಡೆ ಚಪ್ಪರದಿಂದ ಕಂಬಳಿಹುಳದ ಮಾಂಸವನ್ನು ಉಂಡೆ ಮಾಡಿಕೊಂಡು ಬರುತ್ತದೆ. ಗೂಡಿನಲ್ಲಿರುವ ಇನ್ನೊಂದು ಹುಳು ಓಡಿ ಬಂದು ಅದರಲ್ಲಿ ಪಾಲು ತೆಗೆದುಕೊಳ್ಳುತ್ತದೆ, ಮತ್ತೆ ಅಗಿಯುತ್ತದೆ, ಕೋಣೆ ಕೋಣೆಗೆ ತಲೆ ತೂರಿಸಿ ಮರಿಗಳಿಗೆ ತಿನ್ನಿಸುತ್ತದೆ. ಮರಿಯೂ ಸುಮ್ನೆ ತಿಂದು ಮಲಗುವುದಿಲ್ಲ, ಅದರ ಬಾಯಿಯಿಂದ ಬರುವ ರಸವನ್ನು ದೊಡ್ಡವು ಕುಡಿಯುತ್ತವೆ. ದೊಡ್ಡವುಗಳ ಸ್ವಂತ ಊಟಕ್ಕೆ ಹೂವಿನ ರಸದಂಥ ಸಿಹಿ. ಮಾಂಸ ಬೇಟೆಯಾಡುವುದು ಮುಖ್ಯವಾಗಿ ಮಕ್ಕಳಿಗಾಗಿ. ಆ ವರ್ಷ ನಾನು ಅಲಸಂಡೆಗೆ ಒಂದು ಹನಿ ಮದ್ದು ಬಿಡಲಿಲ್ಲ.

ಆದರೆ ರಾಣಿ ಯಾವುದು? ಜೇನಿನ ಹಾಗೆ ಇಲ್ಲಿ ರಾಣಿಗೆ ಬೇರೆ ಗಾತ್ರ, ಬೇರೆ ಆಕಾರ ಇಲ್ಲ. ಒಂದು ಹುಳು ಯಾವಾಗಲೂ ಇನ್ನೊಂದರ ಮೇಲೆ ಏರಿ ಹೋಗುವುದು, ಅಟ್ಟಿಸುವುದು ಮಾಡುತ್ತಿತ್ತು. ಅದೇ ರಾಣಿ ಎಂದು ನಾನು ಎಷ್ಟೋ ತಿಂಗಳು ನಂಬಿದ್ದೆ. ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಅವರ ಕೆಲಸದ ಬಗ್ಗೆ ಓದಿದೆ. ನಮ್ಮ ಮನೆಗಳ ಮಾಡಿನಲ್ಲೇ ಗೂಡು ಕಟ್ಟುವ ರೊಪಾಲಿಡಿಯ ಮಾರ್ಜಿನೇಟ ಎಂಬ ಕಣಜವನ್ನು ಅವರು ಮತ್ತು ಅವರ ವಿದ್ಯಾರ್ಥಿಗಳು 40 ವರ್ಷಕ್ಕಿಂತ ಜಾಸ್ತಿ ಕಾಲ ನೋಡಿದ್ದಾರೆ. ಒಂದೊಂದು ಹುಳದ ಬೆನ್ನಿಗೂ ಬಣ್ಣದ ಚುಕ್ಕೆ ಇಟ್ಟು, ಯಾರು ಎಷ್ಟು ಹೊತ್ತು ಏನು ಮಾಡುತ್ತಾರೆ ಎಂದು ಬರೆದುಕೊಂಡರು. 1983ರಲ್ಲೇ ಅವರು ಹೇಳಿದ್ದೇನೆಂದರೆ, ಗೂಡಿನಲ್ಲಿ ಮೂರು ಬಗೆಯವರಿದ್ದಾರೆ: ಹೆಚ್ಚು ಹೊತ್ತು ಕೂತಿರುವವರು, ಜಗಳ ಮಾಡುವವರು, ಹೊರಗೆ ಹೋಗಿ ಆಹಾರ ತರುವವರು. ರಾಣಿ ಇರುವುದು ಜಗಳ ಮಾಡುವವರಲ್ಲಿ ಅಲ್ಲ, ಸುಮ್ಮನೆ ಕೂತಿರುವವರಲ್ಲಿ!

ಇದನ್ನು ಓದಿ ನಾನು ಮತ್ತೆ ಗೂಡಿನ ಅಡಿ ಕುರ್ಚಿ ಹಾಕಿ ಕೂತೆ. ಹೌದು, ಒಂದು ಹುಳು ಯಾರ ತಂಟೆಗೂ ಹೋಗದೆ ಗೂಡಿನ ಮೇಲೆ ಮೆಲ್ಲಗೆ ನಡೆಯುತ್ತಾ, ಹೊಟ್ಟೆಯ ತುದಿಯನ್ನು ಕಾಗದಕ್ಕೆ ತಿಕ್ಕುತ್ತಾ ಇತ್ತು. ಅದೇ ಅದರ ಆಡಳಿತ. ಹೊಟ್ಟೆಯೊಳಗಿನ ಒಂದು ಗ್ರಂಥಿಯ ಸ್ರಾವವನ್ನು ಗೂಡಿಗೆ ಸವರುತ್ತದೆ, ಅದರಿಂದ ಉಳಿದವರಿಗೆ ‘ಮೊಟ್ಟೆ ಇಡುವವಳು ಇದ್ದಾಳೆ’ ಎಂದು ತಿಳಿಯುತ್ತದೆ. ಬಡಿಯುವುದಿಲ್ಲ, ಕಚ್ಚುವುದಿಲ್ಲ. ಎಲ್ಲ ಕಣಜಗಳೂ ಹೀಗೆ ಅಲ್ಲ. ಇದೇ ಪಂಗಡದ ರೊಪಾಲಿಡಿಯ ಸಯಾಥಿಫಾರ್ಮಿಸ್‌ನಲ್ಲಿ ರಾಣಿಯದ್ದೇ ಜೋರು, ಅವಳೇ ಎಲ್ಲರ ಮೇಲೆ ಏರಿ ಹೋಗುತ್ತಾಳೆ.

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ಸಂಗತಿ. ಈ ಸಾಧು ರಾಣಿಯನ್ನು ಗೂಡಿನಿಂದ ತೆಗೆದರೆ, ಕೆಲವೇ ನಿಮಿಷಗಳಲ್ಲಿ ಒಂದು ಕೆಲಸಗಾರ ಹುಳು, ಒಂದೇ ಒಂದು, ಇದ್ದಕ್ಕಿದ್ದಂತೆ ಭಾರೀ ಜೋರು ಮಾಡಲು ಶುರು ಮಾಡುತ್ತದೆ. ರಾಣಿಯನ್ನು ವಾಪಸ್ ಬಿಟ್ಟರೆ ಅದು ತಣ್ಣಗಾಗುತ್ತದೆ. ಬಿಡದಿದ್ದರೆ ಸುಮಾರು ಒಂದು ವಾರದಲ್ಲಿ ಅದೇ ಮೊಟ್ಟೆ ಇಡುತ್ತದೆ, ಅಷ್ಟರಲ್ಲಿ ಅದರ ಸಿಟ್ಟೂ ಇಳಿದಿರುತ್ತದೆ, ಹಿಂದಿನವಳ ಹಾಗೆ ಸಾಧುವಾಗುತ್ತದೆ. ಇನ್ನೊಬ್ಬರು ಎದುರು ನಿಂತು ಆ ಜಾಗಕ್ಕೆ ಜಗಳ ಮಾಡುವುದಿಲ್ಲ. ಮುಂದಿನವಳು ಯಾರು ಎಂದು ವಿಜ್ಞಾನಿಗಳಿಗೆ ಮೊದಲೇ ಹೇಳಲು ಆಗಲಿಲ್ಲ, ಗಾತ್ರ ನೋಡಿದರೂ ಆಗಲಿಲ್ಲ, ಜಗಳದಲ್ಲಿ ಗೆಲ್ಲುವುದು ನೋಡಿದರೂ ಆಗಲಿಲ್ಲ. ಗೂಡಿನ ನಡುವೆ ಬಲೆ ಹಾಕಿ, ರಾಣಿಯನ್ನು ಈಚೆ ಆಚೆ ಬಿಟ್ಟು ನೋಡಿದಾಗ ಕಂಡದ್ದೇನೆಂದರೆ, ಹುಳುಗಳಿಗೆ ಮಾತ್ರ ಅದು ಮೊದಲೇ ಗೊತ್ತಿರುವ ಹಾಗಿದೆ. ಬೆರಳಿನ ಅರ್ಧದಷ್ಟೂ ಇಲ್ಲದ ಒಂದು ಹುಳಕ್ಕೆ ಇಷ್ಟೆಲ್ಲ ತಿಳಿಯುತ್ತದೆ ಅಲ್ವಾ!

ಗಂಡುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹುಟ್ಟಿ ವಾರದೊಳಗೆ ಗೂಡು ಬಿಟ್ಟು ಹೋಗುತ್ತವೆ, ಗೂಡಿನ ಕೆಲಸಕ್ಕೆ ಸಾಮಾನ್ಯವಾಗಿ ಕೈ ಹಾಕುವುದಿಲ್ಲ, ಕುಟುಕುವುದೂ ಇಲ್ಲ. ಕಣಜದ ಮುಳ್ಳು ಅಂದರೆ ಮೊಟ್ಟೆ ಇಡುವ ಅಂಗವೇ ಬದಲಾಗಿ ಆದದ್ದು, ಹಾಗಾಗಿ ಅದು ಹೆಣ್ಣಿಗೆ ಮಾತ್ರ.

ಈಗ ದೊಡ್ಡ ಕಣಜದ ವಿಷಯ. ಎರಡನೇ ವರ್ಷದ ಸೆಪ್ಟೆಂಬರಿನ ಒಂದು ಬೆಳಗ್ಗೆ ನಮ್ಮ ಜಗಲಿಯ ಗೂಡಿಗೆ ಅಂಥದ್ದೊಂದು ಬಂತು. ಒಂಟಿಯಾಗಿ. ಕಪ್ಪು ಮೈ, ಅಗಲ ಹಳದಿ ಪಟ್ಟಿ, ಸಣ್ಣದರ ಎರಡು ಮೂರು ಪಾಲು ದೊಡ್ಡದು. ವೆಸ್ಪಾ ಟ್ರಾಪಿಕಾ ಎಂದು ಅದರ ಹೆಸರು, ಸಣ್ಣ ಕಣಜಗಳ ದೊಡ್ಡ ಶತ್ರು ಅದೇ. ನಾನು ಅಂದುಕೊಂಡಿದ್ದೆ, ಇಪ್ಪತ್ತು ಹುಳುಗಳು ಸೇರಿ ಅದನ್ನು ಓಡಿಸುತ್ತವೆ ಎಂದು. ಇಲ್ಲ. ಒಂದೂ ಎದುರಿಸಲಿಲ್ಲ. ಎಲ್ಲ ಹಾರಿ ಪಕ್ಕದ ರೀಪಿನ ಮೇಲೆ ಕೂತವು. ಅದು ಒಂದೊಂದೇ ಕೋಣೆ ಹರಿದು ಮರಿಗಳನ್ನು ಎಳೆದು ಅಗಿಯಿತು. ಹೋಯಿತು, ಮತ್ತೆ ಬಂತು. ಮಧ್ಯಾಹ್ನದ ಹೊತ್ತಿಗೆ ಗೂಡು ಖಾಲಿ. ನನಗೆ ಅಂದು ಊಟ ಸೇರಲಿಲ್ಲ. ನಾಲ್ಕನೇ ದಿನ ಹಟ್ಟಿಯ ಮಾಡಿನಲ್ಲಿ ಹೊಸ ತೊಟ್ಟು ಕಂಡಿತು, ಏಳೆಂಟು ಹುಳುಗಳು ಅದರ ಸುತ್ತ ಇದ್ದವು.

ಇಷ್ಟು ಉದ್ದ ಯಾಕೆ ಬರೆದೆ ಎಂದರೆ, ನಿಮ್ಮ ಸುದ್ದಿಯಲ್ಲಿ ಕಚ್ಚಿದವುಗಳದ್ದು ಬಿಟ್ಟು, ಅಂಥವುಗಳ ಬಾಯಿಗೇ ತುತ್ತಾಗುವ ಹುಳಗಳ ಫೋಟೋ ಹಾಕಿದ್ದೀರಿ. ಗುರುತಿಸುವುದು ಕಷ್ಟವಲ್ಲ. ಹೆಜ್ಜೇನಿನದ್ದು ಮೇಣದ ಒಂದೇ ದೊಡ್ಡ ಎರಿ, ಮರದ ಕೊಂಬೆಗೋ ಬಂಡೆಗೋ ಕಟ್ಟಡಕ್ಕೋ ನೇತಾಡುತ್ತದೆ, ಮೇಲೆ ಹುಳುಗಳ ಪದರ. ಸಣ್ಣ ಕಣಜದ್ದು ಕಾಗದದ ಗೂಡು, ಕೋಣೆಗಳು ಹೊರಗೇ ಕಾಣುತ್ತವೆ. ದೊಡ್ಡ ಕಣಜದ್ದೂ ಕಾಗದದ್ದೇ, ಆದರೆ ಸುತ್ತ ಕವಚ ಇರುವ ಉಂಡೆ, ಹೋಗಿ ಬರಲು ತೂತು, ಒಳಗೆ ಅಂತಸ್ತಿನ ಮೇಲೆ ಅಂತಸ್ತು, ನೂರಾರು ಹುಳುಗಳು. ಅದು ಮನೆ, ಶಾಲೆ, ದಾರಿಯ ಹತ್ತಿರ ಇದ್ದರೆ ತೆಗೆಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತೆಗೆಯುವುದು ಅಭ್ಯಾಸ ಇದ್ದವರು, ಕತ್ತಲಾದ ಮೇಲೆ, ಮೈ ಪೂರ್ತಿ ಮುಚ್ಚಿಕೊಂಡು. ಕಲ್ಲು ಹೊಡೆಯುವುದು, ಹಗಲಿನಲ್ಲಿ ಸೂಟೆ ಹಿಡಿಯುವುದು ಜೀವಕ್ಕೇ ಅಪಾಯ. ಕಾಡು ಸವರಲು ಇಳಿಯುವ ಮೊದಲು ಒಬ್ಬರು ದೂರದಿಂದಲೇ ಪೊದೆಯನ್ನು ಐದು ನಿಮಿಷ ನೋಡಿದರೂ ಸಾಕು, ಹುಳು ಹೋಗಿ ಬರುವ ದಾರಿ ಕಾಣುತ್ತದೆ.

ಕಚ್ಚಿದ ಮೇಲಿನದ್ದೂ ನಿಮ್ಮ ಸುದ್ದಿಯಲ್ಲಿ ಇರಬೇಕಿತ್ತು. ಜೇನುನೊಣದ ಮುಳ್ಳು ಚರ್ಮದಲ್ಲೇ ಉಳಿಯುತ್ತದೆ, ಕಣಜದ್ದು ಉಳಿಯುವುದಿಲ್ಲ, ಅದಕ್ಕೇ ಒಂದೇ ಕಣಜ ಹಲವು ಸಲ ಕುಟುಕಬಹುದು. ನಿಂತು ಕೈ ಬೀಸಬಾರದು, ಮುಖ ಮುಚ್ಚಿಕೊಂಡು ದೂರ ಓಡಬೇಕು. ಉಸಿರು ಕಟ್ಟಿದರೆ, ತುಟಿ ನಾಲಿಗೆ ಊದಿದರೆ, ತಲೆ ಸುತ್ತಿದರೆ, ಒಂದೇ ಹುಳು ಕಚ್ಚಿದ್ದಾದರೂ ಕೂಡಲೇ ಆಸ್ಪತ್ರೆಗೆ. ತುಂಬಾ ಹುಳು ಕಚ್ಚಿದ್ದರೆ, ಆಗ ಆರಾಮ ಅನ್ನಿಸಿದರೂ ಹೋಗಲೇಬೇಕು, ವಿಷ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು. ಮೂತ್ರ ಕಪ್ಪಾಗಿ ಬಂದರೆ ಅಥವಾ ಕಡಿಮೆಯಾದರೆ ಡಾಕ್ಟರಿಗೆ ಹೇಳಬೇಕು. ನಮ್ಮ ಪಕ್ಕದ ಮನೆಯವರು ಸುಣ್ಣ ಹಚ್ಚಿಕೊಂಡು ಸಂಜೆಯವರೆಗೆ ಮನೆಯಲ್ಲೇ ಮಲಗಿದ್ದರು. ಮಗ ಬಂದು ಒತ್ತಾಯ ಮಾಡಿ ಕರೆದುಕೊಂಡು ಹೋದದ್ದಕ್ಕೆ ಬಚಾವಾದರು.

ಕಾಸರಗೋಡಿನವರಿಗೆ ಕಣಜದ ಉಪಕಾರ ಬೇರೆಯವರು ಹೇಳಬೇಕಾಗಿಲ್ಲ. 1916ರಲ್ಲಿ ತೆಂಗು ಸಂಶೋಧನೆಗೆಂದು ಶುರುವಾದ ಕೇಂದ್ರ, ಈಗಿನ ಸಿಪಿಸಿಆರ್‌ಐ, ನಮ್ಮೂರಲ್ಲೇ ಇದೆ. ತೆಂಗಿನ ಗರಿ ತಿನ್ನುವ ಕಪ್ಪುತಲೆ ಹುಳಕ್ಕೆ ಅವರು ಮದ್ದಿನ ಬದಲು ತೋಟಕ್ಕೆ ಬಿಡಿ ಎಂದು ಹೇಳುವ ಗೋನಿಯೋಜಸ್ ಎಂಬುದೂ ಒಂದು ಕಣಜವೇ. ಇರುವೆಯಷ್ಟು ಸಣ್ಣದು, ಮನುಷ್ಯರ ತಂಟೆಗೆ ಬರುವುದಿಲ್ಲ. ತಾಯಿ ಆ ಹುಳವನ್ನು ಕುಟುಕಿ ಅಲುಗಾಡದಂತೆ ಮಾಡಿ, ಅದರ ಮೇಲೆ ಮೊಟ್ಟೆ ಇಟ್ಟು, ಮರಿಗಳ ಹತ್ತಿರವೇ ಕಾವಲು ಕೂರುತ್ತಾಳೆ. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಊರು ನಮ್ಮದು. ವಿಷ ಒಂದು ಹುಳವನ್ನು ಮಾತ್ರ ಹುಡುಕಿ ಕೊಲ್ಲುವುದಿಲ್ಲ ಎಂದು ಇಲ್ಲಿನ ಮನೆ ಮನೆಗೂ ಗೊತ್ತು. ಆದರೂ ಮಾಡಿನಲ್ಲಿ ನಾಲ್ಕು ಸಣ್ಣ ಕಣಜ ಕಂಡರೆ ಸ್ಪ್ರೇ ಡಬ್ಬಿ ಹಿಡಿದು ಬರುತ್ತೇವೆ, ಅದೇ ಬೇಸರ.

ಇನ್ನೊಂದು ಮಾತು. ಇಲ್ಲಿ ಎಚ್ಚರಿಕೆಯ ನೋಟೀಸು ಹೆಚ್ಚಾಗಿ ಮಲಯಾಳದಲ್ಲೇ ಬರುತ್ತದೆ. ಕಣಜಕ್ಕೆ ಅದರಲ್ಲಿ ‘ಕಡನ್ನಲ್’ ಎನ್ನುತ್ತಾರೆ, ಹಾಗೆಂದು ಓದಿ ಹೇಳಿದರೆ ನಮ್ಮ ಕೆಲವು ಹಿರಿಯರು ಯಾವ ಹುಳು ಎಂದು ಕೇಳುತ್ತಾರೆ. ಕನ್ನಡದಲ್ಲಿ ತಿಳಿಸಲು ನಮಗಿರುವುದು ನಿಮ್ಮಂಥ ಪತ್ರಿಕೆಗಳೇ. ನೀವೇ ಹೆಜ್ಜೇನು, ಕಣಜ ಎರಡನ್ನೂ ಒಂದು ಮಾಡಿದರೆ ನಾವು ಎಲ್ಲಿಗೆ ಹೋಗಬೇಕು? ವರದಿಗಾರರು ಕಚ್ಚಿಸಿಕೊಂಡವರಲ್ಲಿ ಗೂಡು ಹೇಗಿತ್ತು ಎಂದು ಒಂದು ಪ್ರಶ್ನೆ ಕೇಳಲಿ, ಅಷ್ಟರಲ್ಲೇ ಗೊತ್ತಾಗುತ್ತದೆ. ಮಳೆ ಬಿಟ್ಟು ಕಾಡು ಸವರುವ ಕಾಲ ಬರುವ ಮೊದಲು ಮೂರೂ ಗೂಡುಗಳ ಫೋಟೋ ಅಕ್ಕಪಕ್ಕ ಹಾಕಿ ಅರ್ಧ ಪುಟ ಕೊಡಿ.

ಅದಕ್ಕಿಂತ ಮೊದಲು, ಕಳೆದ ವಾರದ ಫೋಟೋ ತಪ್ಪಾಗಿತ್ತು ಎಂದು ನಾಳೆಯೋ ನಾಡಿದ್ದೋ ಎರಡು ಸಾಲು ಹಾಕಿ. ಅದನ್ನು ಕತ್ತರಿಸಿ ಶಾಲೆಗೆ ಕೊಟ್ಟು ಬರುತ್ತೇನೆ. ಅಲ್ಲಿ ಅಡುಗೆಕೋಣೆಯ ಹಿಂದಿನ ಮಾಡಿನಲ್ಲಿ ಇನ್ನೊಂದು ಸಣ್ಣ ಗೂಡಿದೆ, ಈ ಶನಿವಾರ ಅದಕ್ಕೂ ಸೂಟೆ ಹಿಡಿಯುತ್ತಾರಂತೆ.

— ನಿಮ್ಮ ಓದುಗರು, ಅಡಿಕೆ ಕೃಷಿಕರು
ಪೆರ್ಲ, ಕಾಸರಗೋಡು ಜಿಲ್ಲೆ